ಒಂಬತ್ತನೇ ಮಹಡಿಯ ದೀಪ

ಕನ್ನಡಕದ ಅಂಗಡಿಯ ಯಜಮಾನರಿಗೆ ಈ ಪ್ರಪಂಚದಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ, ತಮ್ಮ ಬಲಗಾಲಿನ ಕೆಳಗಿದ್ದ ಒಂದು ತಗಡಿನ ಡಬ್ಬಿಯ ಹೊರತು.

ಅದು ಅವರ ಗಿಟಾರಿನ ಆಂಪ್ಲಿಫೈಯರಿಗೆ ಸೇರಿದ ಕಾಲು ಸ್ವಿಚ್ಚು. ಆ ಆಂಪ್ಲಿಫೈಯರಿಗೆ ಎರಡು ದನಿ. ಒಂದು ಸಾಧು ದನಿ, ಹಾಡುವವರ ಹಿಂದೆ ತಲೆ ತಗ್ಗಿಸಿಕೊಂಡು ನಡೆಯುವಂಥದ್ದು. ಇನ್ನೊಂದು ಗರ್ಜನೆ, ಕಿಟಕಿಯ ಗಾಜೂ ನಡುಗುವಂಥದ್ದು. ಸ್ವಿಚ್ಚನ್ನು ಒಮ್ಮೆ ತುಳಿದರೆ ಗರ್ಜನೆ, ಮತ್ತೊಮ್ಮೆ ತುಳಿದರೆ ಸಾಧು. ಆದರೆ ಎರಡು ಸಲವೂ ಕೇಳುವುದು ಒಂದೇ ‘ಟಕ್’. ಗುಂಡಿಯೂ ಎರಡು ಸಲವೂ ಅಷ್ಟೇ ಎತ್ತರಕ್ಕೆ ಎದ್ದು, ಬೆಣ್ಣೆ ಕದ್ದ ಬೆಕ್ಕಿನ ಹಾಗೆ ಏನೂ ಗೊತ್ತಿಲ್ಲದಂತೆ ಕೂತುಬಿಡುತ್ತದೆ. ಈಗ ಒಳಗಿರುವುದು ಸಾಧುವೋ ಹುಲಿಯೋ ಎಂಬುದು ತಂತಿ ಮೀಟಿದ ಮೇಲೆಯೇ ತಿಳಿಯಬೇಕು. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಕಳೆದ ಕಾರ್ಯಕ್ರಮದಲ್ಲಿ ಹಾಗೇ ಕೆಟ್ಟಿತ್ತು. ಆರು ಜನರ ಹಾಡಿನ ತಂಡ ಅದು. ಮುಖ್ಯ ಗಾಯಕರು ಔಷಧಿ ಅಂಗಡಿಯವರು, ತಂಡದ ನಾಯಕರೂ ಅವರೇ. ಅವರು ಕಣ್ಣು ಮುಚ್ಚಿ ಒಂದು ಜೋಗುಳ ಎತ್ತಿಕೊಂಡಿದ್ದರು. ಯಜಮಾನರು ಅತ್ಯಂತ ಮೃದುವಾಗಿ, ಹೂವಿಗೆ ನೋವಾಗದ ಹಾಗೆ ತಂತಿ ಮುಟ್ಟಿದರು. ಹುಲಿ ಹೊರಗೆ ಬಂತು. ಮೂರನೇ ಸಾಲಿನಲ್ಲಿ ನಿಜವಾಗಿಯೂ ಮಲಗಿದ್ದ ಒಂದು ಮಗು ಎದ್ದು ಕಿರುಚಿತು, ಅದರ ಅಜ್ಜಿಯೂ ಎದ್ದು ಕಿರುಚಿದರು. ಮುಂದೆ ಯಜಮಾನರೊಬ್ಬರೇ ನುಡಿಸಿ ಮೆರೆಯಬೇಕಾದ ಜಾಗ ಬಂದಾಗ, ಆದ ಎಡವಟ್ಟನ್ನು ಸರಿಪಡಿಸಲು ಅವರು ಸ್ವಿಚ್ಚನ್ನು ಎಷ್ಟು ಸಲ ತುಳಿದಿದ್ದರೋ ಅವರಿಗೇ ಲೆಕ್ಕ ತಪ್ಪಿತ್ತು. ಆಗ ಸೊಳ್ಳೆಯ ದನಿ ಬಂತು.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಯಜಮಾನರು ನುಂಗಿಕೊಳ್ಳುತ್ತಿದ್ದರು. (ಮದುವೆಯಾಗಿ ಇಪ್ಪತ್ತೆರಡು ವರ್ಷವಾದವರಿಗೆ ಅದು ಅಭ್ಯಾಸದ ಮಾತು.) ಇಲ್ಲಿ ಅಂಗಿಯ ಪ್ರಶ್ನೆ ಇತ್ತು. ತಂಡಕ್ಕೆಲ್ಲ ಒಂದೇ ನೀಲಿ ಬಣ್ಣದ ಅಂಗಿ ಎಂದು ತೀರ್ಮಾನವಾಗಿ, ಹೊಲಿಯುವ ಕೆಲಸ ಯಜಮಾನರ ಹೆಂಡತಿಗೇ ಬಂದಿತ್ತು, ಅವಳು ಮನೆಯಲ್ಲೇ ಟೈಲರಿಂಗ್ ಮಾಡುವವಳು. ನಾಯಕರು ಬಟ್ಟೆ ಕಳಿಸಿದ್ದು ಮಾತ್ರ ಐದು ಅಂಗಿಗೆ. ಆರನೆಯದು ಎಲ್ಲಿ ಎಂದು ಯಜಮಾನರು ಕೇಳಲು ಹೋದರೆ, ಅವರು ಮಾತ್ರೆಯ ಚೀಟಿ ಬರೆಯುವ ಧಾಟಿಯಲ್ಲೇ ಉತ್ತರ ಕೊಟ್ಟಿದ್ದರು.

“ಇನ್ನೊಂದು ಡೋಸ್ ನೋಡೋಣ. ಮುಂದಿನ ಕಾರ್ಯಕ್ರಮ ಸರಿಹೋದ್ರೆ ಬಟ್ಟೆ ಕಳಿಸ್ತೀನಿ. ಇಲ್ಲಾಂದ್ರೆ ಔಷಧಿ ಬದಲಾಯಿಸಬೇಕಾಗುತ್ತೆ.”

ಶಾಲೆಯಲ್ಲಿದ್ದಾಗಿನಿಂದ ಯಜಮಾನರನ್ನು ಯಾವ ತಂಡಕ್ಕೂ ಯಾರೂ ಸೇರಿಸಿಕೊಂಡಿರಲಿಲ್ಲ. ಆಟದಲ್ಲಿ ಉಳಿದವರ ಚಪ್ಪಲಿ ಕಾಯುವುದೇ ಅವರ ಪಾಲಿಗೆ ಬಂದಿದ್ದ ಹುದ್ದೆ. ಈಗ ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಹೊಲಿಗೆಯ ಕೋಣೆಯ ಗೂಟಗಳಿಗೆ ನೇತುಹಾಕಿದ ಐದು ನೀಲಿ ಅಂಗಿಗಳನ್ನೂ, ಅವುಗಳ ಪಕ್ಕದ ಬರೀ ಗೂಟವನ್ನೂ ನೋಡುವಾಗ ಅವರಿಗೆ ಮತ್ತೆ ಆ ಚಪ್ಪಲಿಗಳೇ ನೆನಪಾಗುತ್ತಿದ್ದವು.

ಹೀಗಿರುವಾಗ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಅವರಿಗೆ ಜ್ಞಾನೋದಯವಾಯಿತು. ಸ್ವಿಚ್ಚಿಗೆ ಒಂದು ದೀಪ ಹಾಕಿದರೆ? ಉರಿದರೆ ಗರ್ಜನೆ, ಆರಿದರೆ ಸಾಧು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಹೆಂಡತಿಗೆ ವಿವರಿಸಿದರು. ಅವಳಿಗೆ ಮೊದಲ ಸಲ ಅರ್ಥವಾಗಲಿಲ್ಲ, ಎರಡನೇ ಸಲ ಅರ್ಥವಾಗಿ ನಕ್ಕಳು.

“ನಾನು ಇಪ್ಪತ್ತು ವರ್ಷದಿಂದ ಮಷೀನ್ ತುಳೀತಿದ್ದೀನಿ. ಯಾವತ್ತಾದ್ರೂ ಬಗ್ಗಿ ನೋಡಿದ್ದೀನಾ? ಕಾಲಿಗೆ ಗೊತ್ತಿರುತ್ತೆ ರೀ.”

ತಮ್ಮ ಕಾಲಿಗೆ ಅಷ್ಟೊಂದು ವಿದ್ಯೆ ಇಲ್ಲ ಎಂದು ಯಜಮಾನರು ಒಪ್ಪಿಕೊಂಡರು. ಅವರ ಪಕ್ಷಕ್ಕೆ ನಿಂತವರು ಮಾವ.

ಈ ಮಾವ, ಅಂದರೆ ಹೆಂಡತಿಯ ತಂದೆ, ಮೂವತ್ತೊಂದು ವರ್ಷ ಒಂಬತ್ತು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿದವರು. ಕೊನೆಗೊಂದು ದಿನ ಗುಂಡಿ ಒತ್ತಲು ಜನ ತಾವೇ ಕಲಿತುಬಿಟ್ಟಿದ್ದಾರೆ ಎಂದು ಕಟ್ಟಡದವರಿಗೆ ಹೊಳೆದು, ಹೊಸ ಲಿಫ್ಟ್ ಬಂತು, ಮಾವ ಮನೆಗೆ ಬಂದರು. ಅಂದಿನಿಂದ ಅವರ ಮಾತು ಕಡಿಮೆಯಾಗಿತ್ತು. ಊಟ ಮುಗಿಸಿ ಯಾರಾದರೂ ಎದ್ದರೆ “ನಿಧಾನ, ಬಾಗಿಲು ನೋಡ್ಕೊಳ್ಳಿ” ಎನ್ನುವುದು ಬಿಟ್ಟರೆ ದಿನವಿಡೀ ಮೌನ. ಆದರೆ ದೀಪದ ಮಾತು ಕಿವಿಗೆ ಬಿದ್ದದ್ದೇ ತಡ, ಅವರು ಕುರ್ಚಿಯಿಂದ ಎದ್ದು ನಿಂತರು.

“ಅಳಿಯಂದಿರು ಸರಿಯಾಗಿ ಹೇಳಿದ್ರು. ದೀಪ ಇಲ್ಲದೇ ಹೋದ್ರೆ ಮನುಷ್ಯ ಯಾವ ಮಹಡೀಲಿ ಇದ್ದಾನೆ ಅನ್ನೋದು ಅವನಿಗೇ ಗೊತ್ತಾಗೋದಿಲ್ಲ.”

ಹಾಗೆಂದವರು ತಮ್ಮ ಕೋಣೆಗೆ ಹೋಗಿ ಒಂದು ಹಳೇ ಕನ್ನಡಕದ ಪೆಟ್ಟಿಗೆ ತಂದರು. ಒಳಗೆ ಹತ್ತಿಯ ಮೇಲೆ ಒಂದು ಕೆಂಪು ಗಾಜಿನಂಥ ಗುಂಡಿ ಮಲಗಿತ್ತು, ಅದರ ಮೇಲೆ ‘೯’ ಎಂದು ಕೊರೆದಿತ್ತು. ಹಳೇ ಲಿಫ್ಟನ್ನು ಕಳಚುವ ದಿನ ಕೇಳಿ ಪಡೆದುಕೊಂಡಿದ್ದಂತೆ. ಇದನ್ನು ದೀಪದ ಮೇಲೆ ಕೂರಿಸಿ ಎಂದು ಅವರು ಎರಡೂ ಕೈಯಲ್ಲಿ ಹಿಡಿದು ಕೊಟ್ಟಾಗ, ಯಜಮಾನರಿಗೆ ಬೇಡ ಎನ್ನುವ ಧೈರ್ಯ ಬರಲಿಲ್ಲ.

ಅಂಗಡಿಗೆ ರಜೆಯ ದಿನ ಹೆಂಡತಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಹಾಕಾರ್ಯ ಆರಂಭವಾಯಿತು. ಎಲೆಕ್ಟ್ರಾನಿಕ್ ಅಂಗಡಿಯವನು ಎಲ್ಲವನ್ನೂ ಹೇಳಿಕೊಟ್ಟಿದ್ದ: ಸ್ವಿಚ್ಚಿಗೆ ಬರುವ ವೈರಿನಲ್ಲೇ ಸ್ವಲ್ಪ ಕರೆಂಟು ಇದೆ, ಆ ದಾರಿಯಲ್ಲೇ ಒಂದು ಪುಟ್ಟ ಎಲ್‌ಇಡಿ ಕೂರಿಸಿದರೆ ಸಾಕು. ಯಜಮಾನರು ತಗಡಿಗೆ ತೂತು ಕೊರೆದರು. ವೈರು ಬೆಸೆದರು. ಎಡಗೈ ಹೆಬ್ಬೆರಳನ್ನೂ ಒಂದಿಷ್ಟು ಬೆಸೆದುಕೊಂಡರು. ಒಂದೂವರೆ ಗಂಟೆಯ ನಂತರ ಮುಚ್ಚಳ ಬಿಗಿದು, ಮನೆಯವರನ್ನೆಲ್ಲ (ಅಂದರೆ ಇಬ್ಬರನ್ನು) ಕರೆದು, ಗುಂಡಿ ಒತ್ತಿದರು.

ಟಕ್. ದೀಪವಿಲ್ಲ. ತಂತಿ ಮೀಟಿದರೆ ಗರ್ಜನೆಯೂ ಇಲ್ಲ. ಇದ್ದ ಹುಲಿಯೂ ಸತ್ತಿತ್ತು.

ಮುಚ್ಚಳ ತೆಗೆದು ಮೂವರೂ ಬಗ್ಗಿದರು. ಹೆಂಡತಿ, ಮೇಜಿನ ಮೇಲೆ ಉಳಿದಿದ್ದ ಇನ್ನೊಂದು ಎಲ್‌ಇಡಿಯನ್ನು ಬೆರಳಲ್ಲಿ ಹಿಡಿದು, ಪ್ಯಾಂಟಿನ ಅಳತೆ ನೋಡುವಂತೆ ನೋಡಿದಳು. ಇದಕ್ಕೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ, ಒಳಗಿರುವುದಕ್ಕೆ ಎರಡೂ ಸಮ, ಯಾಕೆ ಎಂದು ಕೇಳಿದಳು. ಯಜಮಾನರು ಹೆಮ್ಮೆಯಿಂದ, ತಾವೇ ಕತ್ತರಿಸಿ ಸಮ ಮಾಡಿದ್ದಾಗಿ ಹೇಳಿದರು. ದಿನವೂ ಕನ್ನಡಕವನ್ನು ಗಾಜಿನ ಮೇಲಿಟ್ಟು ಎರಡು ಕಡ್ಡಿಯೂ ಸಮನಾಗಿ ಕೂರುತ್ತವೆಯೇ ಎಂದು ನೋಡುವ ಕಣ್ಣು ಅವರದು. ಸೊಟ್ಟ ಕಂಡರೆ ಅವರಿಗೆ ಅನ್ನ ಸೇರುವುದಿಲ್ಲ.

“ಬೇಕೂಂತಲೇ ಒಂದು ಕಾಲು ಉದ್ದ ಇಟ್ಟಿರ್ತಾರೆ. ಯಾವುದು ಬಲ, ಯಾವುದು ಎಡ ಅಂತ ಗೊತ್ತಾಗಲಿ ಅಂತ. ತಿರುಗಿಸಿ ಹಾಕಿ ನೋಡಿ” ಎಂದಳು ಹೆಂಡತಿ.

ತಿರುಗಿಸಿ ಹಾಕಿದರು. ಒತ್ತಿದರು.

ಒಂಬತ್ತು ಬೆಳಗಿತು.

ಕೆಂಪು ಎಂದರೆ ಅಂಥ ಕೆಂಪು; ಆ ಸಣ್ಣ ಗುಂಡಿಯೊಳಗೆ ಯಾರೋ ಒಂದು ಸಂಜೆಯನ್ನೇ ಮಡಿಸಿಟ್ಟ ಹಾಗೆ. ಹೆಂಡತಿ ಹೋಗಿ ಕಿಟಕಿಯ ಪರದೆ ಎಳೆದಳು. ಯಜಮಾನರು ಒತ್ತಿದರು, ಆರಿತು. ಒತ್ತಿದರು, ಬೆಳಗಿತು. ಪ್ರತಿ ಸಲವೂ ಮೂವರ ಮುಖವೂ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಯಿತು. ಒಂದು ಬೆರಳಿನ ಮಾತಿಗೆ ಬೆಳಕು ಹೀಗೆ ಓಗೊಡುತ್ತದಲ್ಲ ಎಂದು ಯಜಮಾನರಿಗೆ ಮೈ ಜುಮ್ಮೆಂದಿತು. ಜೀವಮಾನವಿಡೀ ಬೇರೆಯವರ ಕಣ್ಣು ಸರಿಮಾಡಿದ ತಾನು, ಬೆಳಕನ್ನೇ ಕೈಯಾರೆ ಮಾಡಿದ್ದು ಇದೇ ಮೊದಲು ಎನಿಸಿತು. ಮಾವ ತಮಗೆ ಅರಿವಿಲ್ಲದೆಯೇ ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದು ಯಾರಿಗೂ ತಿಳಿಯಲಿಲ್ಲ.

“ಅಂತೂ ನಿಮಗೂ ಹತ್ತಕ್ಕೆ ಒಂಬತ್ತು ಬಂತು” ಎಂದಳು ಹೆಂಡತಿ, ಮೆಲ್ಲಗೆ. ಆಮೇಲೆ, ಗಿಟಾರು ಹಾಕಿಕೊಂಡು ನಿಂತು ಒಂದು ಸಲ ನೋಡಿಬಿಡಿ ಎಂದೂ ಹೇಳಿದಳು. ದೀಪ ಅಂದ ಮೇಲೆ ಕಾಣದೇ ಇರುತ್ತದೆಯೇ ಎಂದು ಯಜಮಾನರು ಆ ಮಾತನ್ನು ಗಾಳಿಗೆ ತೂರಿದರು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಐದು ನೀಲಿ ಅಂಗಿ, ಒಂದು ಬಿಳಿ ಅಂಗಿ. ಮುಂದಿನ ಸಾಲಿನಲ್ಲಿ ಹೆಂಡತಿ ಮತ್ತು ಮಾವ. ಮೊದಲನೆಯದೇ ಆ ಜೋಗುಳ. ಯಜಮಾನರು ಎದೆ ಉಬ್ಬಿಸಿ, ಯಾವ ಮಹಡಿಯಲ್ಲಿದ್ದೇನೆಂದು ತಿಳಿಯಲು ಕೆಳಗೆ ನೋಡಿದರು.

ಕಂಡದ್ದು ಗಿಟಾರು. ಗಿಟಾರಿನ ಹಿಂದೆ ಹೊಟ್ಟೆ. ಅದರಾಚೆಗೆ ಇರುವುದೆಲ್ಲ ಊಹೆ.

ಮನೆಯಲ್ಲಿ ಮೇಜಿನ ಮೇಲಿಟ್ಟು ಕೂತು ನೋಡಿದ್ದಷ್ಟೇ, ನಿಂತು ನೋಡಿರಲಿಲ್ಲ. ಈಗ ಹಿಂದೆ ಸರಿದರೆ ಸ್ವಿಚ್ಚು ಕಾಲಿಗೆ ಸಿಕ್ಕುವುದಿಲ್ಲ. ಪಕ್ಕಕ್ಕೆ ವಾಲಿ ನೋಡಿದರೆ, ಅವರ ಕನ್ನಡಕದ ಕೆಳಗಿನ ಅರ್ಧ ಓದುವುದಕ್ಕೆ ಮಾಡಿದ್ದು. ಅದರಲ್ಲಿ ವೇದಿಕೆಯ ಕೆಂಪು ಜಮಖಾನೆಯೂ ಕೆಂಪು ದೀಪವೂ ಕಲಸಿ ಒಂದೇ ಮುದ್ದೆಯಾಗಿ ಕಂಡಿತು. ಈ ಕನ್ನಡಕ ಹಾಕಿಕೊಂಡು ಕಾಲ ಬುಡ ನೋಡಬೇಡಿ, ಎಡವುತ್ತೀರಿ ಎಂದು ದಿನಕ್ಕೆ ನಾಲ್ಕು ಜನಕ್ಕೆ ಬುದ್ಧಿ ಹೇಳುವವರು ಅವರೇ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪವೇ ಕತ್ತಲೆಯಲ್ಲಿತ್ತು.

ಔಷಧಿ ಅಂಗಡಿಯವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಯಜಮಾನರಿಗೆ ಅಂಗಿಯಿಲ್ಲದ ಆ ಗೂಟ ಕಣ್ಣ ಮುಂದೆ ಬಂತು. ದಿಕ್ಕು ತೋಚದೆ ಮುಂದಿನ ಸಾಲಿನತ್ತ ನೋಡಿದರು. ಅಲ್ಲಿ ಮಾವ ಎದ್ದು ನಿಂತಿದ್ದರು. ಒಂದು ಕೈ ಬೆನ್ನ ಹಿಂದೆ, ದೃಷ್ಟಿ ದೀಪದ ಮೇಲೆ.

“ಒಂಬತ್ತನೇ ಮಹಡಿ” ಎಂದರು ಮಾವ.

ಕೂಗಲಿಲ್ಲ. ಆದರೆ ಮೂವತ್ತೊಂದು ವರ್ಷ ಗಿಜಿಗುಟ್ಟುವ ಲಿಫ್ಟಿನಲ್ಲಿ ಕೊನೆಯವರಿಗೂ ಕೇಳುವಂತೆ ಪಳಗಿದ ದನಿ, ಸಭಾಂಗಣದ ಕೊನೆಯ ಗೋಡೆ ಮುಟ್ಟಿ ಬಂತು. ಅಂದರೆ ದೀಪ ಉರಿಯುತ್ತಿದೆ, ಒಳಗಿರುವುದು ಹುಲಿ; ಯಜಮಾನರ ಕಾಲು ತಾನಾಗಿ ಒತ್ತಿತು.

“ನೆಲಮಹಡಿ.”

ಮೀಟಿದರು. ಸಾಧು ಬಂದ. ಜೋಗುಳ ಎಷ್ಟು ಮೆತ್ತಗೆ ಸಾಗಿತೆಂದರೆ ಔಷಧಿ ಅಂಗಡಿಯವರು ಆಶ್ಚರ್ಯದಿಂದ ಕಣ್ಣು ತೆರೆದರು. ಮುಂದಿನ ಹಾಡಿನಲ್ಲಿ ಯಜಮಾನರೊಬ್ಬರೇ ನುಡಿಸುವ ಜಾಗ ಬಂದಾಗ ಮಾವ, “ಮೇಲೆ ಹೋಗ್ತಿದೆ” ಎಂದರು, ಹುಲಿ ಸರಿಯಾದ ಹೊತ್ತಿಗೆ ಹೊರಬಿತ್ತು. ಇದೂ ಹಾಡಿನ ಭಾಗವೇ ಇರಬೇಕೆಂದುಕೊಂಡ ಜನ ಚಪ್ಪಾಳೆ ತಟ್ಟಿದರು. ಮೂರನೇ ಹಾಡಿನ ಹೊತ್ತಿಗೆ ಇಡೀ ಸಭಾಂಗಣ ಮಾವನ ಜೊತೆ “ನೆಲಮಹಡಿ” ಎನ್ನುತ್ತಿತ್ತು. ಕೊನೆಯ ಹಾಡು ಮುಗಿದಾಗ ಮಾವ, “ನಿಧಾನ, ಬಾಗಿಲು ನೋಡ್ಕೊಳ್ಳಿ” ಎಂದರು. ಅದಕ್ಕೆ ಬಿದ್ದಷ್ಟು ಚಪ್ಪಾಳೆ ಯಾವ ಹಾಡಿಗೂ ಬಿದ್ದಿರಲಿಲ್ಲ. ಯಜಮಾನರು ಗಿಟಾರು ಕಳಚುವುದನ್ನೂ ಮರೆತು ಮಾವನನ್ನೇ ನೋಡುತ್ತಿದ್ದರು. ದಿನವೂ ಜೊತೆಗೆ ಕೂತು ಊಟ ಮಾಡುವ ಮುದುಕರು ಇವರೇನಾ ಎಂದು ಅವರಿಗೆ ಬೆರಗು ಹಿಡಿದಿತ್ತು.

ಮರುದಿನ ಬೆಳಗ್ಗೆಯೇ ಔಷಧಿ ಅಂಗಡಿಯವರು ಕಂಕುಳಲ್ಲಿ ಪೊಟ್ಟಣ ಇಟ್ಟುಕೊಂಡು ಮನೆಗೆ ಬಂದರು. ಪೊಟ್ಟಣದ ಮೂಲೆಯಲ್ಲಿ ನೀಲಿ ಇಣುಕುತ್ತಿತ್ತು. ಯಜಮಾನರು ಓಡಿಹೋಗಿ ಕುರ್ಚಿ ಎಳೆದುಹಾಕಿದರು. ಹೆಂಡತಿ ಟೇಪು ಹಿಡಿದು ಬಂದದ್ದನ್ನು ನೋಡಿ, ಅಳತೆ ಕೊಡಲು ಎರಡೂ ಕೈ ಅಗಲಿಸಿ, ಹೊಟ್ಟೆ ಒಳಗೆಳೆದುಕೊಂಡು ನಿಂತರು.

“ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ” ಎಂದರು ಔಷಧಿ ಅಂಗಡಿಯವರು. “ಮಾವನವರು ಎಲ್ಲಿ?”

ಬಟ್ಟೆ ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಅಂಗಿಗಾಗುವಷ್ಟು ನೀಲಿ ಬಟ್ಟೆಯಂತೆ. ಯಜಮಾನರು ಮುಂದೆಯೂ ಧಾರಾಳವಾಗಿ ನುಡಿಸಬಹುದು, ಬಿಳಿ ಅಂಗಿಯಲ್ಲಿ, ಹಿಂದಿನ ಸಾಲಿನಲ್ಲಿ. ಮಾವನವರಿಗೆ ಮಾತ್ರ ವೇದಿಕೆಯ ನಡುವೆಯೇ ಜಾಗ. ಹೆಂಡತಿ ಅಪ್ಪನ ಭುಜಕ್ಕೆ ಟೇಪು ಹಿಡಿದು, ಅಪ್ಪ ತೆಳ್ಳಗಿರುವುದರಿಂದ ಒಂದು ತುಂಡು ಮಿಗುತ್ತದೆ, ಅದರಲ್ಲಿ ಸ್ವಿಚ್ಚಿಗೆ ಒಂದು ಚೀಲ ಹೊಲಿಯಬಹುದು ಎಂದು ಲೆಕ್ಕ ಹಾಕಿದಳು. ಅಂದರೆ ಸ್ವಿಚ್ಚಿಗೂ ನೀಲಿ ಬಟ್ಟೆ.

ಯಜಮಾನರಿಗೆ ಸಿಟ್ಟು ಬರಬೇಕಿತ್ತು. ಆದರೆ ಮಾವ ಅಳತೆಗೆ ನಿಂತ ರೀತಿ ನೋಡಿ ಅದು ದಾರಿಯಲ್ಲೇ ನಿಂತುಹೋಯಿತು. ಆ ಬೆನ್ನು, ಆ ಕತ್ತು! ಹತ್ತು ವರ್ಷ ಸಣ್ಣವರಾದ ಹಾಗಿದ್ದರು. ಮುಖದಲ್ಲಿ ಆ ಒಂಬತ್ತೇ ಬೆಳಗುತ್ತಿತ್ತು. ಒಂದು ಪುಟ್ಟ ದೀಪ ಇಷ್ಟೆಲ್ಲ ಮಾಡುತ್ತದೆಯೇ ಎಂದು ಯಜಮಾನರು ಬಾಯಿ ತೆರೆದು ನೋಡುತ್ತಲೇ ಇದ್ದರು, ಅಗಲಿಸಿದ ಕೈಗಳನ್ನು ಇಳಿಸುವುದನ್ನೂ ಮರೆತು.

ಮಾವ ಅದನ್ನು ಗಮನಿಸಿದರು. ಮೆಲ್ಲಗೆ, ತಮ್ಮ ಲಿಫ್ಟಿಗೆ ಬಂದವರಿಗೆ ಹೇಳುವಷ್ಟೇ ಗೌರವದಿಂದ ಹೇಳಿದರು:

“ಅಳಿಯಂದಿರೇ, ಕೈ ಇಳಿಸಿ. ನೆಲಮಹಡಿ ಬಂತು.”