ನಾಲೆ ಏರಿಯ ಮೇಲೆ ಸೆಕ್ರೆಟರಿ ಓಟ

"ಸಂಕ್ರಾಂತಿಯೊಳಗೆ ಹತ್ತು ಕೆಜಿ ಇಳಿಸದೆ ಹೋದ್ರೆ ನನ್ನ ಹೆಸರು ಚಿಕ್ಕಸ್ವಾಮಿಯೇ ಅಲ್ಲ!"

ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದಾಗ ಚಿಕ್ಕಸ್ವಾಮಿಯ ಒಂದು ಕೈಯಲ್ಲಿ ಟೀವಿಯ ರಿಮೋಟು, ಇನ್ನೊಂದು ಕೈಯಲ್ಲಿ ಕಜ್ಜಾಯ. ದೀಪಾವಳಿ ಕಳೆದು ವಾರವಾಗಿದ್ದರೂ ಕಜ್ಜಾಯದ ಡಬರಿ ಇನ್ನೂ ತಳ ಕಂಡಿರಲಿಲ್ಲ.

"ಚಿಕ್ಕಸ್ವಾಮಿ ಅಲ್ದಿದ್ರೆ ದೊಡ್ಡಸ್ವಾಮಿ ಅಂತ ಇಟ್ಕಳಿ. ಮೈಗೂ ಒಪ್ಪುತ್ತೆ," ಎಂದಳು ಹೆಂಡತಿ ಪುಟ್ಟಗೌರಮ್ಮ, ಬೆಳ್ಳುಳ್ಳಿ ಸುಲಿಯುತ್ತಾ.

ಚಿಕ್ಕಸ್ವಾಮಿ ಸಾಮಾನ್ಯ ಮನುಷ್ಯನಲ್ಲ. ಹುಲ್ಲಹಳ್ಳಿಗೆ ಹೋಗುವ ನಾಲೆ ದಾರಿಯಲ್ಲಿರುವ ಅವನ ಊರಿಗೆ ಅವನೇ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಕುರ್ಚಿಯಲ್ಲಿ ಕುಳಿತು ಊರಿನ ಹಾಲಿನಲ್ಲಿ ಫ್ಯಾಟ್ ಎಷ್ಟಿದೆ ಎಂದು ಅಳೆಯುವುದು ಅವನ ಕೆಲಸ. ಇಪ್ಪತ್ತು ವರ್ಷ ಹೀಗೆ ಕೂತು ಕೂತು, ಊರ ಹಾಲಿನಲ್ಲಿ ಕಾಣದ ಫ್ಯಾಟೆಲ್ಲ ಅವನ ಸೊಂಟದ ಸುತ್ತ ಬಂದು ಸಂಘ ಕಟ್ಟಿಕೊಂಡಿತ್ತು!

ಈ ಪ್ರತಿಜ್ಞೆಗೆ ಕಾರಣ ಟೀವಿ. ಕೇಬಲ್ಲಿನಲ್ಲಿ ಆ ವರ್ಷ ಹೊಸದಾಗಿ ಒಂದು ಇಂಗ್ಲಿಷ್ ಕಾರ್ಯಕ್ರಮ ಶುರುವಾಗಿತ್ತು. ಎಮ್ಮೆಯಂಥ ಗಂಡಸರು, ಕಣಜದಂಥ ಹೆಂಗಸರು ಅದರಲ್ಲಿ ಬೆವರು ಹರಿಸಿ ಓಡುವುದು, ವಾರಕ್ಕೊಮ್ಮೆ ತಕ್ಕಡಿ ಹತ್ತುವುದು, ತೂಕ ಇಳಿದರೆ ಅಳುವುದು, ಇಳಿಯದಿದ್ದರೆ ಇನ್ನೂ ಜೋರಾಗಿ ಅಳುವುದು. ಚಿಕ್ಕಸ್ವಾಮಿಗೆ ಇಂಗ್ಲಿಷ್ ಬಾರದು. ಆದರೂ ಒಂದು ದಿನ ತಪ್ಪಿಸಿದವನಲ್ಲ.

"ಭಾಷೆ ಬರ್ದೆ ಅದೇನು ನೋಡ್ತೀರ್ರೀ?"

"ಅಳೋದಕ್ಕೆ ಭಾಷೆ ಯಾಕ್ ಬೇಕೇ?"

"ಅದೂ ಸರಿಯೇ. ನನ್ನ ಧಾರಾವಾಹೀಲೂ ಅಳೋದೇ. ಅಲ್ಲಿ ಕನ್ನಡದಲ್ಲಾದ್ರೂ ಅಳ್ತಾರೆ. ಬದಲಾಯಿಸಿ!"

ಇಲ್ಲೇ ಇತ್ತು ನೋಡಿ ಕುರುಕ್ಷೇತ್ರ. ಪುಟ್ಟಗೌರಮ್ಮನ ಧಾರಾವಾಹಿ ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಅದರಲ್ಲಿ ಸೊಸೆಗೆ ನೆನಪು ಹೋಗಿ ಬಹಳ ಕಾಲವಾಗಿತ್ತು. ನೆನಪು ಬಂತೋ ಇಲ್ಲವೋ ಎಂಬುದನ್ನು ಪುಟ್ಟಗೌರಮ್ಮ ಮಾರನೆಯ ದಿನ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ಕಂಡಕಂಡವರನ್ನು ಕೇಳಿ ತಿಳಿಯಬೇಕಾಗಿತ್ತು. ದುಡಿದು ತಂದ ಕಲರ್ ಟೀವಿ ಮನೆಯಲ್ಲಿದ್ದೂ ಇಂಥ ಬಾಳು!

ಆದ್ದರಿಂದ ಅವಳು ಬೆಳ್ಳುಳ್ಳಿ ಕೆಳಗಿಟ್ಟು ಎದ್ದು ನಿಂತಳು.

"ಆಯ್ತು. ಇಳಿಸಿದ್ರೆ ಆ ಹೊತ್ತಿನ ಟೀವಿ ಸಾಯೋಗಂಟ ನಿಮ್ದು, ನಾನು ಸೊಲ್ಲೆತ್ತಲ್ಲ. ಇಳಿಸ್ದೆ ಹೋದ್ರೆ ರಿಮೋಟು ನನ್ನ ಸೊಂಟಕ್ಕೆ. ಆಮೇಲೆ ನೀವು ವಾರ್ತೆ ನೋಡ್ಬೇಕಂದ್ರೂ ನನ್ನ ಕೇಳಿ ನೋಡ್ಬೇಕು. ಒಪ್ಪಿಗೆಯೋ?"

"ಒಪ್ಪಿಗೆ! ಊರ ಮುಂದೆ ಬೇಕಾದ್ರೂ ಹೇಳ್ತೀನಿ!"

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುವುದು ಇದಕ್ಕೇ. ಪುಟ್ಟಗೌರಮ್ಮ ಮಾರನೆಯ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಡೈರಿಗೆ ಬಂದು ಊರ ಮುಂದೆಯೇ ಹೇಳಿಸಿದಳು. ಹಸುಗಳ ಬೂಸದ ಮೂಟೆ ತೂಗುವ ಮಿಷನ್ನಿನ ಮೇಲೆ ಚಿಕ್ಕಸ್ವಾಮಿ ನಿಂತ. ಕ್ಯಾನು ಕೆಳಗಿಟ್ಟ ಚಲುವಯ್ಯ ಬಗ್ಗಿ ಮುಳ್ಳು ನೋಡಿ ಕೂಗಿದ:

"ತೊಂಬತ್ತೆರಡು ಸಾ! ಎಲ್ಡು ಮೂಟೆಗೆ ವಸಿ ಕಮ್ಮಿ!"

ಜನ ನಕ್ಕರು. ಚಿಕ್ಕಸ್ವಾಮಿಗೆ ರೇಗಿತು. "ಏನ್ ನಗ್ತೀಯೆ? ನೀನೂ ಹತ್ತು! ಟೀವೀಲಿ ಗಂಡ ಹೆಂಡ್ತಿ ಇಬ್ರನ್ನೂ ಹತ್ತಿಸ್ತಾರೆ!" ಎಂದು ಪುಟ್ಟಗೌರಮ್ಮನನ್ನೂ ನಿಲ್ಲಿಸಿದ. ಅವಳದು ಅರವತ್ತೆಂಟು. ಚಲುವಯ್ಯ ಎರಡನ್ನೂ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದ. ಚಿಕ್ಕಸ್ವಾಮಿ ತಿ. ನರಸೀಪುರದಿಂದ ತಂದಿದ್ದ ನೀಲಿ ಟ್ರ್ಯಾಕ್ ಪ್ಯಾಂಟು ಏರಿಸಿ, ಕ್ಯಾನ್ವಾಸ್ ಬೂಟು ಬಿಗಿದು, ಹಾಲಿನ ವ್ಯಾನು ಆಚೆ ಹೋದದ್ದೇ ತಡ, ಹುಲ್ಲಹಳ್ಳಿ ದಿಕ್ಕಿಗೆ ದಂಡಯಾತ್ರೆ ಹೊರಟ.

ನಾಲೆ ಏರಿಯ ಮೇಲೆ ಒಬ್ಬ ಮನುಷ್ಯ ಓಡಿದರೆ, ಅದೂ ಎಂದೂ ಕುರ್ಚಿ ಬಿಟ್ಟೇಳದ ಡೈರಿ ಸೆಕ್ರೆಟರಿ ಓಡಿದರೆ, ಆ ಸೀಮೆಯಲ್ಲಿ ಅದಕ್ಕಿರುವುದು ಒಂದೇ ಅರ್ಥ. ಏರಿ ಒಡೆದಿದೆ!

ಪಂದ್ಯ ಕಣ್ಣಾರೆ ಕಂಡಿದ್ದ ಚಲುವಯ್ಯನೂ ಆ ಓಟ ನೋಡಿದ ಕೂಡಲೇ ಅದನ್ನು ಮರೆತುಬಿಟ್ಟ. ಗದ್ದೆಯಿಂದ ಗುದ್ದಲಿ ಸಮೇತ ಹಾರಿ ಬಂದ.

"ಎಲ್ಲಿ ಸಾ ಒಡ್ದಿರೋದು?"

ಚಿಕ್ಕಸ್ವಾಮಿಗೆ ಏದುಸಿರು. ಬಾಯಿ ಬಿಟ್ಟರೆ ಗಾಳಿಯಲ್ಲದೆ ಮಾತು ಬಾರದು. ಹುಲ್ಲಹಳ್ಳಿಗೆ ಹೋಗುತ್ತಿದ್ದೇನೆ ಎನ್ನಲು ಕೈಯೆತ್ತಿ ಮುಂದಕ್ಕೆ ತೋರಿಸಿದ.

"ಮುಂದ್ಕಡೆ ಅಂತೆ ಕಣ್ರಲಾ! ಬನ್ರೋ, ಭತ್ತ ಕೊಚ್ಕೊಂಡೋಯ್ತದೆ!"

ಅಲ್ಲಿಂದ ಶುರುವಾಯಿತು ಮೆರವಣಿಗೆ. ಗುದ್ದಲಿಯವರು, ಮಂಕರಿಯವರು, ಮಣ್ಣು ತುಂಬಲು ಗೋಣಿಚೀಲ ಹೊತ್ತವರು, ಏನೂ ಸಿಗದೆ ಬರಿಗೈಯಲ್ಲಿ ಕೂಗುತ್ತಾ ಬಂದವರು! ಹಿಂದೆ ಇಷ್ಟು ಜನ ಅಟ್ಟಿಸಿಕೊಂಡು ಬರುವುದನ್ನು ಕಂಡು ಚಿಕ್ಕಸ್ವಾಮಿ ಬೆದರಿ ಇನ್ನೂ ಜೋರಾಗಿ ಓಡಿದ. ಅವನು ಜೋರಾಗಿ ಓಡಿದಷ್ಟೂ, ಒಡೆದಿರುವುದು ದೊಡ್ಡದಾಗಿಯೇ ಒಡೆದಿದೆ ಎಂದು ಜನ ಮತ್ತೂ ಜೋರಾಗಿ ಓಡಿದರು. ಕೊನೆಗೆ ತೂಬಿನ ಬಳಿ ಅವನು ಮೂಟೆಯಂತೆ ಕುಸಿದು ಕುಳಿತ.

"ಎಲ್ಲೂ... ಒಡೆದಿಲ್ಲ... ಕಣ್ರಪ್ಪಾ. ನಾನು... ತೂಕ... ಇಳಿಸ್ತಾ ಇದೀನಿ!"

ಚಲುವಯ್ಯ ಮುಖದ ಬೆವರು ಒರೆಸಿಕೊಂಡು ಗುದ್ದಲಿಯನ್ನು ಅವನ ಮುಂದಿಟ್ಟ.

"ಅದಕ್ಯಾಕೆ ಸಾ ಓಡ್ಬೇಕು? ನಮ್ ಗದ್ದೆ ಬದ ಅದೆ, ಕಡೀರಿ ವಸಿ. ನಿಮ್ಗೂ ಇಳೀತದೆ, ನಂಗೂ ಆಯ್ತದೆ."

ಅಷ್ಟರಲ್ಲಿ ತೂಬಿನ ಪಕ್ಕದ ಮನೆಯಿಂದ ಚಿಕ್ಕಬಸಮ್ಮ ನೀರಿನ ಚೊಂಬು ಹಿಡಿದು ಬಂದಳು. ನೀರಿನ ಹಿಂದೆಯೇ ಅಕ್ಕಿರೊಟ್ಟಿ ಬಂತು, ಹುಚ್ಚೆಳ್ಳು ಚಟ್ನಿ ಬಂತು, ಮೇಲೆ ನಿಂಬೆಗಾತ್ರದ ಬೆಣ್ಣೆ!

"ಬೇಡ ಕಣಮ್ಮ. ನಾನು ಡಯೆಟ್ಟು."

"ಆಗ್ಲಿ ಬುಡಣ್ಣ, ಅದಕ್ಕೂ ರೊಟ್ಟಿ ಆಯ್ತದೆ. ಅಸ್ಕೊಂಡು ಯಾರಾದ್ರೂ ಓಡ್ತಾರಾ? ಬಾಗ್ಲಿಗೆ ಬಂದೋರು ಬರಿ ವಟ್ಟೇಲಿ ಓದ್ರೆ ನಮ್ಮನೆ ಮರ್ವಾದೆ ಏನಾಗ್ಬೇಕು?"

ಓಡಿದ ಹೊಟ್ಟೆ. ಬೆಣ್ಣೆ ಬೇರೆ ಕರಗುತ್ತಿತ್ತು. ಬೆಣ್ಣೆಯ ಜೊತೆ ಚಿಕ್ಕಸ್ವಾಮಿಯ ಮನಸ್ಸೂ ಕರಗಿತು.

ತಪ್ಪಾದದ್ದೇ ಅಲ್ಲಿ. ಮಾರನೆಯ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ನಿಂತ ಚಾಮುಂಡಮ್ಮ ಕ್ಯಾನನ್ನು ಟಣ್ಣೆಂದು ಕುಕ್ಕಿದಳು.

"ಚಿಕ್ಕಬಸಮ್ಮೋರ್ ಮನೇಲಿ ಬೆಣ್ಣೆ ರೊಟ್ಟಿ ತಿಂದ್ರಂತೆ! ಅದಕ್ಕೇ ಅವ್ರ ಆಲಿಗೆ ಇವತ್ತು ಫ್ಯಾಟ್ ಜಾಸ್ತಿ ಬಂದದೆ! ನಮ್ಮನೆ ಮುಂದ್ಲಿಂದ್ಲೇ ಓಡೋದ್ರಿ, ತಿರ್ಗೂ ನೋಡ್ಲಿಲ್ಲ. ನಮ್ಮೆಮ್ಮೆ ಏನ್ ಪಾಪ ಮಾಡಿತ್ತಣ್ಣ?"

ಸಾಲಿನಲ್ಲಿ ಗುಸುಗುಸು ಎದ್ದಿತು. ಇಪ್ಪತ್ತು ವರ್ಷ ಒಂದು ತೊಟ್ಟಿನಷ್ಟೂ ಪಕ್ಷಪಾತ ಮಾಡಿಲ್ಲವೆಂಬ ಹೆಸರು ಚಿಕ್ಕಸ್ವಾಮಿಯದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇನ್ನು ರೊಟ್ಟಿಗೆ ಹೋದ ಮಾನ ಬಂದೀತೇ? ಆವತ್ತಿನ ಓಟದಲ್ಲಿ ಚಾಮುಂಡಮ್ಮನ ಮನೆಯ ಕಡುಬು ತಿಂದ. ಅದನ್ನು ನೋಡಿದ ಪಕ್ಕದ ಮನೆಯವರ ಶಾವಿಗೆ ತಿಂದ. ಎದುರು ಮನೆಯ ಬೆಲ್ಲದ ಕಾಫಿ ಕುಡಿದ. ಹೀಗೆ ಸಹಕಾರ ತತ್ವದ ರಕ್ಷಣೆಗಾಗಿ ಆ ಧೀರ ತನ್ನ ಹೊಟ್ಟೆಯನ್ನೇ ಮುಡಿಪಿಟ್ಟ! ಅವನು ಓಡುವ ಹೊತ್ತೂ ಹಾಗೇ ಇತ್ತು. ಹಾಲಿನ ವ್ಯಾನು ಹೋಗುವುದಕ್ಕೂ, ಊರಿನ ಒಲೆಗಳ ಮೇಲೆ ಕಾವಲಿ ಕಾಯುವುದಕ್ಕೂ ಸರಿಹೋಗುತ್ತಿತ್ತು. ಎರಡು ಮನೆಗಳ ನಡುವೆ ಓಡಿದ್ದೇ ಓಟ.

ತಿಂದದ್ದಲ್ಲದೆ, ಹೊರಡುವಾಗ ಒಂದು ಡಬ್ಬ. "ಗೌರಕ್ಕಂಗೂ ವಸಿ ತಕೊಂಡೋಗಣ್ಣ." ಒಬ್ಬರ ಡಬ್ಬ ಹಿಡಿದು ಇನ್ನೊಬ್ಬರದು ಬೇಡವೆನ್ನಲು ಬರುತ್ತದೆಯೇ? ಬೆನ್ನಿಗೊಂದು ಚೀಲ ಕಟ್ಟಿಕೊಂಡ. ದಿನಾ ಮನೆಗೆ ಬರುವಾಗ ಸ್ಟೀಲ್ ಡಬ್ಬಗಳು ಕಣಕಣ ಕುಣಿಯುತ್ತಿದ್ದವು. ದೂರದಿಂದ ಕೇಳಿದವರು ಯಾವುದೋ ಜೋಡೆತ್ತಿನ ಗಾಡಿ ಎಂದುಕೊಳ್ಳುತ್ತಿದ್ದರು.

ಪುಟ್ಟಗೌರಮ್ಮ ಡಬ್ಬಗಳ ಸಾಲು ನೋಡಿ ತಲೆಯ ಮೇಲೆ ಕೈಯಿಟ್ಟಳು.

"ಇವನ್ನೆಲ್ಲ ವಾಪಸ್ ಕೊಡೋರು ಯಾರ್ರೀ?"

"ಕೊಟ್ರಾಯ್ತು. ತೊಳ್ದು ಕೊಡು."

"ಬರೀ ಡಬ್ಬ ಹೆಂಗ್ರೀ ಕೊಡ್ಲಿ? ಖಾಲಿ ಪಾತ್ರೆ ಕೊಟ್ಟು ನನ್ನ ತವರೂರು ಹೆಮ್ಮಿಗೆಯ ಹೆಸರು ಕೆಡಿಸ್ಲಾ? ಅವರು ಕಡುಬು ಕೊಟ್ರೆ ನಾನು ಒಂದು ಹಿಡಿ ಸಕ್ಕರೆ ಹಾಕಿ ಕೊಡೋಕಾಗುತ್ತಾ?"

ಹಾಗೆ ಅವಳೂ ಶುರುಮಾಡಿದಳು. ಬೆಳಿಗ್ಗೆಯಿಂದ ರುಬ್ಬುವುದು, ಕುಟ್ಟುವುದು, ಚಕ್ಕುಲಿ ಒತ್ತುವುದು; ಬಿಸಿಲಿಳಿಯುವ ಮುಂಚೆ ಡಬ್ಬಗಳನ್ನು ಮಂಕರಿಗೆ ತುಂಬಿ ತಲೆಯ ಮೇಲಿಟ್ಟುಕೊಂಡು ನಾಲೆ ಏರಿ ಹಿಡಿದು ಮನೆಮನೆಗೂ ಹೋಗುವುದು. ಅವಳು ತುಂಬಿ ಕೊಟ್ಟ ಡಬ್ಬ ಮಾರನೆಯ ದಿನ ಇನ್ನಷ್ಟು ಗಟ್ಟಿಯಾಗಿ ತುಂಬಿಕೊಂಡು ಚಿಕ್ಕಸ್ವಾಮಿಯ ಬೆನ್ನೇರುತ್ತಿತ್ತು. ಅವರೆಕಾಯಿ ಕಾಲ ಬಂದ ಮೇಲಂತೂ ಕೇಳಲೇಬೇಡಿ. ಹಿತಕಿದ ಬೇಳೆಯ ಸಾರು ನಾಲೆಯ ನೀರಿನಂತೆ ಹರಿಯಿತು! ಪುಟ್ಟಗೌರಮ್ಮ ಬಿಸಿಲಿನಲ್ಲಿ ನಡೆಯುವ ಹೊತ್ತಿಗೆ ಅವಳ ಗಂಡ ಓಟದ ಆಯಾಸಕ್ಕೆ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದ.

ಸಂಜೆಯಾದರೆ ಟೀವಿಯ ಮುಂದೆ ಅವನ ಉಪದೇಶ. "ಏಯ್, ಮಂಡಿ ಮೇಲೆತ್ತಿ ಓಡಪ್ಪಾ! ನಮ್ಮಂಗೆ ಏರಿ ಮೇಲೆ ಓಡಿದ್ರೆ ಗೊತ್ತಾಗೋದು ಇವರಿಗೆ!"

"ನಿಮ್ಮ ತೂಕ ಒಂದ್ಸಲ ನೋಡ್ಕಳ್ರೀ," ಎಂದರೆ, "ನಡುವೆ ನೋಡಿದ್ರೆ ದೃಷ್ಟಿಯಾಗುತ್ತೆ," ಎನ್ನುತ್ತಿದ್ದ. ಟ್ರ್ಯಾಕ್ ಪ್ಯಾಂಟಿಗೆ ಎಲಾಸ್ಟಿಕ್ಕು. ಅದು ಎಷ್ಟು ಹಿಗ್ಗಿದರೂ ಯಜಮಾನನ ಮೇಲೆ ಚಾಡಿ ಹೇಳುವುದಿಲ್ಲ. ಒಂದು ದಿನ ನಂಜನಗೂಡಿನ ಮದುವೆಗೆಂದು ಬೀರುವಿನಿಂದ ತೆಗೆದ ಪ್ಯಾಂಟು ಮಾತ್ರ ಸೊಂಟದಲ್ಲಿ ಗೇಣುದ್ದ ದೂರ ನಿಂತು ನಕ್ಕಿತು.

"ಇದು ಕುಗ್ಗಿಹೋಗಿದೆ ಕಣೇ!"

"ನನ್ನ ರವಕೆ ನೋಡಿದ್ರೆ ಜೋಳಿಗೆ ಆಗೋಗಿದೆ. ಟೈಲರ್ ಹತ್ರ ಹಿಡಿಸ್ಬೇಕು."

"ಒಂದೇ ಬಕೆಟ್ಟಿನಲ್ಲಿ ಒಗೆದ ಬಟ್ಟೆ! ಗಂಡನದು ಕುಗ್ಗುತ್ತೆ, ಹೆಂಡ್ತೀದು ಹಿಗ್ಗುತ್ತೆ! ಎಂಥಾ ದರಿದ್ರ ಸೋಪು ತಂದಿದೀಯೆ?"

ಅಂದಿನಿಂದ ಅವರ ಮನೆಯಲ್ಲಿ ಸೋಪು ಬದಲಾಯಿತು.

ಸಂಕ್ರಾಂತಿ ಬಂದೇಬಿಟ್ಟಿತು. ಬೆಳಗಿನ ಹಾಲು ಹಾಕಿದವರು ಯಾರೂ ಮನೆಗೆ ಹೋಗಲಿಲ್ಲ. ಚಿಕ್ಕಸ್ವಾಮಿ ಟೀವಿಯವರಂತೆಯೇ ಬೂಟು ಬಿಚ್ಚಿದ, ವಾಚು ಬಿಚ್ಚಿದ, ಜೇಬಿನ ಚಿಲ್ಲರೆ ತೆಗೆದ, ಸಾಲದೆಂದು ಕನ್ನಡಕವನ್ನೂ ತೆಗೆದು ಹೆಂಡತಿಯ ಕೈಗಿತ್ತ. ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಗಂಭೀರವಾಗಿ ಮಿಷನ್ ಏರಿದ. ಅದು ಕಿರ್ರೆಂದಿತು.

ಚಲುವಯ್ಯ ಬಗ್ಗಿ ನೋಡಿದ. ಮುಳ್ಳನ್ನು ಬೆರಳಿನಿಂದ ತಟ್ಟಿ ಇನ್ನೊಮ್ಮೆ ನೋಡಿದ.

"ಯೋಳ್ಲಾ ಸಾ?"

"ಹೇಳಯ್ಯ! ಎಂಬತ್ತೆರಡು ತಾನೆ?"

"ತೊಂಬತ್ತೇಳು!"

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಿಕ್ಕಸ್ವಾಮಿ ಕಣ್ಣು ಬಿಟ್ಟು ಗುಡುಗಿದ.

"ಸುಳ್ಳು! ಮಿಷನ್ ಕೆಟ್ಟಿದೆ! ಈ ಮಿಷನ್ ತೂಕ ಜಾಸ್ತಿ ತೋರಿಸ್ತಿದೆ!"

ಚಲುವಯ್ಯ ಮೆಲ್ಲಗೆ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟ.

"ಅಲ್ಲಾ ಸಾ, ಮೊನ್ನೆ ಮೊನ್ನೆ ಇದೇ ಮಿಷನ್ನಲ್ಲೇ ಅಲ್ವರಾ ನೀವು ನಮ್ಗೆಲ್ಲ ಬೂಸ ತೂಗ್ಕೊಟ್ಟಿದ್ದು?"

"ಅವ್ದಲ್ಲಾ!" ಎಂದಳು ಚಾಮುಂಡಮ್ಮ. "ಜಾಸ್ತಿ ತೋರುಸ್ತದೆ ಅಂದ್ರೆ ನಮ್ಗೆ ಬೂಸ ಕಮ್ಮಿ ಬಂದದೆ ಅಂತ ತಾನೆ?"

ಮುಂದೆ ಹೋದರೆ ಕೆರೆ, ಹಿಂದೆ ಹೋದರೆ ಬಾವಿ! ಮಿಷನ್ ಸುಳ್ಳೆಂದರೆ ಇಪ್ಪತ್ತು ವರ್ಷದ ಹೆಸರು ಹೋಯಿತು. ನಿಜವೆಂದರೆ ರಿಮೋಟು ಹೋಯಿತು. ಚಿಕ್ಕಸ್ವಾಮಿ ಇಡೀ ಊರಿಗೆ ಕೇಳುವಂತೆ ಸಾರಿದ:

"ಮಿಷನ್ನು ಸರಿಯಾಗೇ ಇದೆ! ಗ್ರಾಂ ವ್ಯತ್ಯಾಸ ಇಲ್ಲ! ನಾನೇ ದಪ್ಪ ಆಗಿದೀನಿ!"

"ಅಂಗೇ ನಂಬಾಕಾಯ್ತದಾ? ಇನ್ನೊಬ್ರನ್ನ ತೂಗಿ ನೋಡ್ಮ. ಗೌರಕ್ಕ, ನೀವ್ ಅತ್ರಿ," ಎಂದ ಚಲುವಯ್ಯ.

ಪುಟ್ಟಗೌರಮ್ಮ ಹತ್ತಿದಳು. ಮಿಷನ್ ಕಿರ್ರೆನ್ನಲಿಲ್ಲ. ಚಲುವಯ್ಯ ಮುಳ್ಳು ನೋಡಿ, ಬಾಗಿಲ ಹಿಂದಿನ ಸೀಮೆಸುಣ್ಣ ನೋಡಿ, ಮತ್ತೆ ಮುಳ್ಳು ನೋಡಿದ.

"ಅರವತ್ತು! ಎಂಟು ಕೇಜಿ ಇಳ್ದವ್ರೆ ಕಣ್ರಪ್ಪೋ!"

ಡೈರಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ! ಚಿಕ್ಕಬಸಮ್ಮ ಓಡಿ ಬಂದು ಪುಟ್ಟಗೌರಮ್ಮನ ಕೈಹಿಡಿದಳು. "ಏನ್ ಮಾಡ್ದೆ ಅಕ್ಕಾ? ನಮ್ಗೂ ಯೋಳು!"

"ಏನಿಲ್ಲ ಕಣಮ್ಮಾ. ಇವರು ತಂದ ಡಬ್ಬ ಹೊತ್ಕಂಡು ನಿಮ್ಮನೆಗಳಿಗೆ ತಿರುಗಿದ್ದು. ನೀವು ಕೂತ್ಕೋ, ತಿನ್ನು ಅಂತಿದ್ರಿ. ಬೆಳಿಗ್ಗೆ ಇವರು ತಿಂದು ಹೋಗಿದ್ದ ನಾಚಿಕೆಗೆ ನನ್ನ ಗಂಟಲಲ್ಲಿ ಒಂದು ತೊಟ್ಟು ಕಾಫೀನೂ ಇಳೀತಿರ್ಲಿಲ್ಲ!"

ಆ ಸಂಜೆ ರಿಮೋಟು ಪುಟ್ಟಗೌರಮ್ಮನ ಸೊಂಟ ಸೇರಿತು. ಧಾರಾವಾಹಿಯ ಸೊಸೆಗೆ ಇನ್ನೂ ನೆನಪು ಬಂದಿರಲಿಲ್ಲ. ಪುಟ್ಟಗೌರಮ್ಮ ಏನನ್ನೂ ಕಳೆದುಕೊಂಡಿರಲಿಲ್ಲ. ಮೂಲೆಯಲ್ಲಿ ಮುದುಡಿ ಕುಳಿತ ಚಿಕ್ಕಸ್ವಾಮಿ ನಿಟ್ಟುಸಿರು ಬಿಟ್ಟ.

"ಹೋಗ್ಲಿ ಬಿಡು ಗೌರಿ. ಗೆದ್ದೆ ನೀನು. ನಾಳೆಯಿಂದ ಈ ಹಾಳು ಓಟಾನೇ ಬೇಡ. ನಿಲ್ಲಿಸ್ಬಿಡ್ತೀನಿ."

ಪುಟ್ಟಗೌರಮ್ಮ ಗಾಬರಿಯಿಂದ ಟೀವಿಯ ಸದ್ದು ತಗ್ಗಿಸಿದಳು.

"ಅಯ್ಯಯ್ಯೋ, ನಿಲ್ಲಿಸ್ಬೇಡಿ ಕಣ್ರೀ! ನನಗಿನ್ನೂ ಮೂರು ಕೆಜಿ ಇಳೀಬೇಕು!"