ಅರ್ಧ ಕಾಯಿಲಿನ ಲೆಕ್ಕ

ಕರೆಂಟು ತನ್ನ ಲೆಕ್ಕ ಎಂದೂ ತಪ್ಪುವುದಿಲ್ಲ, ಮಂದಿ ತಪ್ಪುತ್ತಾರೆ. ಹೀಗಾಗಿ ಕಲಬುರಗಿಯ ಜಗತ್ ಬಡಾವಣೆಯ ಹತ್ತಿರದ ನನ್ನ ರಿಪೇರಿ ಅಂಗಡಿಗೆ ಸುಟ್ಟ ಇಸ್ತ್ರಿ, ಸುಟ್ಟ ಒಲೆಗಳ ಜೊತೆ ಒಂದಲ್ಲ ಒಂದು ನಗುವ ಸಂಗತಿಯೂ ಬರುತ್ತಲೇ ಇತ್ತು.

ಅಂಗಡಿ ಅಪ್ಪನದು. ಅವನು ಹೋದ ಮೇಲೆ ಬೀಗ ಹಾಕು ಎಂದವರೇ ಎಲ್ಲ. ನಾನು ಹಾಕಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಲ್ಬು ಸುತ್ತಿ ಬರುತ್ತಿದ್ದ ಕಾಗದದ ಚೂರುಗಳಿಂದಲೇ ಅಕ್ಷರ ಕಲಿತೆ. ಅಪ್ಪ ಬಿಟ್ಟುಹೋದ ವಿದ್ಯುತ್ತಿನ ಪುಸ್ತಕ ಉರ್ದುವಿನಲ್ಲಿತ್ತು. ಹಟಕ್ಕೆ ಬಿದ್ದು ಉರ್ದುವನ್ನೂ ಕಲಿತೆ. ಅದರ ತಿರುಳು ಇಷ್ಟೇ: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ತಡೆ, ಅಂದರೆ ಓಮ್. ಗುಣಿಸಿದರೆ ಅದರ ಜೋರು, ಅಂದರೆ ವಾಟ್. ರೊಟ್ಟಿ ಬಡಿಯುವಾಗಲೂ ಇದನ್ನೇ ಗುಣಿಸುತ್ತ ಭಾಗಿಸುತ್ತ ಇದ್ದೆ.

ನಿಜಾಮರನ್ನು ಇಳಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಹೊಸ ಸರಕಾರ ಬಂತು, ಅದರ ಹಿಂದೆಯೇ ವಿದ್ಯುತ್ ಇಲಾಖೆಯ ಹೊಸ ಇನ್‌ಸ್ಪೆಕ್ಟರ್ ಸಾಹೇಬರೂ ಬಂದರು. ಅಂಗಡಿಯ ಬಾಗಿಲಲ್ಲೇ ನಿಂತು, "ಪರವಾನಗಿ ಎಲ್ಲದ, ಬಾಯಿ?" ಎಂದರು.

"ಕೈಯಾಗ ಅದರೀ ಸಾಹೇಬ್ರ" ಎಂದು ಹತ್ತು ಬೆರಳು ತೋರಿಸಿದೆ.

ಸಾಹೇಬರು ನಗಲಿಲ್ಲ. "ತಿಂಗಳೊಳಗ ಕಚೇರಿಗೆ ಬಂದು ಪರೀಕ್ಷಾ ಕೊಡು. ನಪಾಸಾದ್ರ ಈ ಬಾಗಿಲಿಗೆ ನಾನೇ ಬೀಗ ಹಾಕ್ತೀನಿ."

ಆ ಒಂದು ತಿಂಗಳ ಸಂಗತಿಗಳಿವು.

ಹೋಟೆಲಿನವರ ಉಳಿತಾಯ

ಎದುರಿನ ಚಹಾ ಹೋಟೆಲಿನ ಕಾಕಾ ಕರೆಂಟಿನ ಒಲೆ ಹೊತ್ತುಕೊಂಡು ಬಂದರು. ಅವರ ಹೋಟೆಲಿನ ಫ್ಯೂಸು ಮುಂಜಾನೆಯಿಂದ ಮೂರು ಸಲ ಹಾರಿತ್ತು.

ಒಲೆಯ ತಟ್ಟೆ ನೋಡಿದೆ. ಸುರುಳಿ ಸುತ್ತಿದ ಕಾಯಿಲು ಅರ್ಧವೇ ಇತ್ತು. ಅದನ್ನೇ ಜಗ್ಗಿ ಜಗ್ಗಿ ತಟ್ಟೆಯ ಇಡೀ ತೋಡಿಗೆ ಕೂರಿಸಿದ್ದರು.

"ಉಳಿದ ಅರ್ಧ ಎಲ್ಲಿ ಹೋಯ್ತು ಕಾಕಾ?"

"ನಾನೇ ಕತ್ತರಿಸೀನಿ. ತಂತಿ ಅರ್ಧ ಆದ್ರ ಕರೆಂಟೂ ಅರ್ಧ ತಿಂತದಲ್ಲ! ಆ ತುಂಡು ಒಬ್ಬರು ಕೇಳಿದ್ರು, ಪುಣ್ಯ ಬರ್ಲಿ ಅಂತ ಕೊಟ್ಟೆ."

ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. "ಇನ್ನೂರಾ ಇಪ್ಪತ್ತು ವೋಲ್ಟು. ಇಡೀ ಕಾಯಿಲು ಐದು ಆಂಪಿಯರ್ ಎಳೀತಿತ್ತು. ಅಂದ್ರ ತಡೆ ನಲವತ್ನಾಲ್ಕು ಓಮ್. ಅರ್ಧ ಕತ್ತರಿಸಿದ್ರ ಇಪ್ಪತ್ತೆರಡು. ತಡೆಯೋದು ಅರ್ಧ ಆದ್ರ ಎಳೆಯೋದು ಡಬಲ್, ಹತ್ತು ಆಂಪಿಯರ್. ಸಾವಿರದಾ ನೂರು ವಾಟಿನ ಒಲಿ ಎರಡು ಸಾವಿರದಾ ಇನ್ನೂರು ಆಗ್ಯದ."

ಕಾಕಾನ ಕಣ್ಣು ಅರಳಿದವು. "ಹಂಗಾದ್ರ ಕಾಯಿಲು ಪೂರಾ ತಗದು ಎರಡು ತುದಿ ಕೂಡಿಸಿಬಿಟ್ರ?"

"ಆಗ ಚಹಾ ಅಲ್ಲ ಕಾಕಾ, ನೀವು ಕುದೀತೀರಿ."

ಕಮಲಾಪುರದ ಮದುವೆ

ಕಮಲಾಪುರಕ್ಕೆ ಆಗ ಕರೆಂಟು ಬಂದಿರಲಿಲ್ಲ. ಅಲ್ಲಿನ ಸಾಹುಕಾರರೊಬ್ಬರು ಮಗಳ ಮದುವೆಗೆ ಹಿಟ್ಟಿನ ಗಿರಣಿಯ ಎಂಜಿನ್ನಿಗೆ ಡೈನಮೋ ಕಟ್ಟಿಸಿ ನನ್ನನ್ನು ಕರೆಸಿದರು. ಡೈನಮೋ ಕೊಡುತ್ತಿದ್ದುದು ನೂರಾ ಹತ್ತು ವೋಲ್ಟು. ಸಾಹುಕಾರರು ತಂದಿಟ್ಟದ್ದು ಇನ್ನೂರಾ ಇಪ್ಪತ್ತು ವೋಲ್ಟಿನ ನಲವತ್ತು ಬಲ್ಬು.

"ಇವು ಉರಿಯಂಗಿಲ್ರಿ ಸಾಹುಕಾರ್ರ. ವೋಲ್ಟು ಅರ್ಧ ಆದ್ರ ಆಂಪಿಯರೂ ಅರ್ಧ. ಅರ್ಧಕ್ಕ ಅರ್ಧ ಗುಣಿಸಿದ್ರ ಕಾಲು. ನೂರು ವಾಟಿನ ಬಲ್ಬು, ಹೆಚ್ಚು ಕಡಿಮಿ ಇಪ್ಪತ್ತೈದು ವಾಟಿನಷ್ಟು ಮಿಣುಕ್ತದ."

"ದೊಡ್ಡ ನಂಬರಿನ ಬಲ್ಬಿಗೆ ದೊಡ್ಡ ಬೆಳಕು, ತಂಗಿ. ನಿನ್ನ ಲೆಕ್ಕ ಅಡಗಿಮನ್ಯಾಗ ಇರ್ಲಿ."

ಇರಲಿ ಎಂದು ಅವೇ ಬಲ್ಬು ಕಟ್ಟಿದೆ. ಸಂಜೆ ಎಂಜಿನ್ ಶುರುವಾಯಿತು. ಚಪ್ಪರದ ತುಂಬ ಬಲ್ಬುಗಳು ಕಮಲಾಪುರದ ಕೆಂಪು ಬಾಳೆಹಣ್ಣಿನ ಹಾಗೆ ಕೆಂಪಗೆ ತೂಗಿದವು. ಬೆಳಕು ಮಾತ್ರ ಇಲ್ಲ. ಅಷ್ಟರಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಕಂದೀಲು ಎತ್ತಿ ಹಿಡಿದು ಒಂದೊಂದೇ ಬಲ್ಬಿನ ಹತ್ತಿರ ಹೋಗತೊಡಗಿದರು.

"ಏನ್ ಹುಡುಕಾಕತ್ತೀರಿ ಅಣ್ಣಾರ?" ಎಂದೆ.

"ಇದ್ರಾಗ ಯಾವುದು ಹತ್ಯದ, ಯಾವುದು ಹತ್ತಿಲ್ಲ ನೋಡಾಕತ್ತೀನಿ ತಂಗಿ."

ಸಾಹುಕಾರರ ಮುಖ ಬಲ್ಬಿಗಿಂತ ಕೆಂಪಾಯಿತು. ನಾಲ್ಕು ಕಾಲು ಕೂಡಿ ಒಂದಾಗಲಿ ಎಂದು ನಾನು ನಾಲ್ಕು ನಾಲ್ಕು ಬಲ್ಬು ಒಂದೆಡೆ ಗೊಂಚಲು ಕಟ್ಟಿ ಮದುವೆಯ ಮಾನ ಉಳಿಸಿದೆ. ಹೊರಡುವಾಗ ಸಾಹುಕಾರರು ಒಂದು ಗೊನೆ ಬಾಳೆಹಣ್ಣು ಕೊಟ್ಟು, ನನ್ನ ಪರೀಕ್ಷೆಯ ಸುದ್ದಿ ಕೇಳಿ ಇನ್‌ಸ್ಪೆಕ್ಟರ್ ಸಾಹೇಬರಿಗೆ ಚೀಟಿಯನ್ನೂ ಬರೆದರು: "ಈಕಿ ಲೆಕ್ಕ ಖರೇ ಅದ. ಕೇಳಲಿಲ್ಲಂದ್ರ ಕಂದೀಲು ಬೇಕಾಗ್ತದ."

ಪರೀಕ್ಷೆ

ತಿಂಗಳ ಕೊನೆಯ ದಿನ, ಸುಡುವ ಮಧ್ಯಾಹ್ನ. ಸಾಹೇಬರು ಫ್ಯಾನಿನ ಕೆಳಗೆ ಕುಳಿತು ಚೀಟಿ ಓದಿ ಬದಿಗಿಟ್ಟರು. ಮೂರು ಪ್ರಶ್ನೆ ಕೇಳಿದರು. ಅವರು ಕೇಳಿ ಮುಗಿಸುವ ಮೊದಲೇ ಮೂರಕ್ಕೂ ಉತ್ತರ ಹೇಳಿದೆ.

"ಬಾಯಿಪಾಠ" ಎಂದು ತಲೆಯಾಡಿಸಿದರು. "ಪುಸ್ತಕ ಬಿಡು. ಕಣ್ಣಮುಂದಿನ ಸಾಮಾನು ನೋಡಿ ಹೇಳು. ಆ ಒಲಿ ಎಷ್ಟು ಕರೆಂಟು ಎಳೀತದ?"

ಮೂಲೆಯಲ್ಲಿ ಕಚೇರಿಯ ಚಹಾದ ಒಲೆ ಇತ್ತು. ಬಗ್ಗಿ ನೋಡಿದೆ. ಜಗ್ಗಿ ಜಗ್ಗಿ ಕೂರಿಸಿದ ಅರ್ಧ ಕಾಯಿಲು! ಪಕ್ಕದಲ್ಲೇ ಜವಾನ ಹೆಮ್ಮೆಯಿಂದ ನಿಂತಿದ್ದ. "ಈಗಷ್ಟೇ ಹಾಕೀನ್ರಿ ಅಕ್ಕಾ. ಹೋಟೆಲಿನ ಕಾಕಾ ಪುಕ್ಕಟ ಕೊಟ್ಟಾರ."

ಕಾಕಾನ ಪುಣ್ಯ ಎಲ್ಲಿ ಬಂದು ಕುಳಿತಿದೆ ಎಂದು ತಿಳಿಯಿತು.

"ಇಪ್ಪತ್ತೆರಡು ಓಮ್, ಹತ್ತು ಆಂಪಿಯರ್" ಎಂದೆ. "ನಿಮ್ಮ ಫ್ಯೂಸು ಏಳು ಆಂಪಿಯರಿಂದು, ಬೋರ್ಡಿನ ಮ್ಯಾಲೇ ಬರದದ. ಒಲಿ ಹಚ್ಚಬ್ಯಾಡ್ರಿ, ಹಾರ್ತದ."

ಸಾಹೇಬರು ಜೋರಾಗಿ ನಕ್ಕರು. "ಇದು ಸರಕಾರಿ ಒಲಿ, ಬಾಯಿ!" ಎಂದು ತಾವೇ ಎದ್ದು ಹೋಗಿ ಗುಂಡಿ ಒತ್ತಿದರು.

ಠಪ್!

ಫ್ಯಾನು ಗರಗರ ಎಂದು ನಿಧಾನವಾಗಿ ನಿಂತಿತು. ಊರಿಗೆಲ್ಲ ಪರವಾನಗಿ ಕೊಡುವ ಕಚೇರಿ ಬೇಯತೊಡಗಿತು. ಕಚೇರಿಯ ಮಿಸ್ತ್ರಿ ರಜೆಯ ಮೇಲೆ ಊರಿಗೆ ಹೋಗಿದ್ದ.

ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಹ್ಞೂಂ, ನೋಡ್ತೀ ಏನ? ಫ್ಯೂಸು ಕಟ್ಟು."

ನಾನು ಕೈ ಕಟ್ಟಿ ನಿಂತೆ. "ಪರವಾನಗಿ ಇಲ್ಲದ ಹೆಂಗ ಮುಟ್ಟಲಿ ಸಾಹೇಬ್ರ? ನೀವೇ ಬೀಗ ಹಾಕ್ತೀರಿ."

ಸಾಹೇಬರು ನಿಂತ ಫ್ಯಾನನ್ನು ನೋಡಿದರು. ಆಮೇಲೆ ಖಾನೆ ತೆಗೆದು ಕಾಗದ ಎಳೆದುಕೊಂಡರು. ಆ ಪರವಾನಗಿ ಇಂದಿಗೂ ನನ್ನ ಅಂಗಡಿಯ ಗೋಡೆಯ ಮೇಲಿದೆ. ಅದರಲ್ಲಿ ಸಾಹೇಬರ ಸಹಿಗಿಂತ ಬೆವರಿನ ಕಲೆಯೇ ದೊಡ್ಡದು.