ಅವ್ವನ ಗಂಟು ಹೊರಟ ಮೇಲೆ

ಕೇಳಿದ ತಕ್ಷಣ 'ಆಗುವುದಿಲ್ಲ' ಎಂದು ಮುಖದ ಮೇಲೆ ಹೇಳಿಬಿಡುವ ನೆಂಟರು ಕೆಲವರಿಗೆ ಇರುತ್ತಾರಂತೆ. ಅಂಥವರನ್ನು ಪಡೆದವರು ಪುಣ್ಯವಂತರು. ಒಂದಿಷ್ಟು ಬೇಜಾರು ಮಾಡಿಕೊಂಡು, ಒಂದಿಷ್ಟು ಬೈದು, ಆಮೇಲೆ ತಮ್ಮ ಪಾಡಿಗೆ ತಾವು ಇದ್ದುಬಿಡಬಹುದು. ನಮ್ಮ ವಂಶದಲ್ಲಿ ಅಂಥ ನೆಂಟರು ಹುಟ್ಟಲೇ ಇಲ್ಲ. ನಮ್ಮವರು ಯಾವುದಕ್ಕೂ ಇಲ್ಲ ಎನ್ನುವವರಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ, ಇದು ನಾವು ಮಾಡಬೇಕಾದ್ದೇ ಅಲ್ಲವೇ ಎನ್ನುತ್ತಾರೆ, ಊಟ ಮುಗಿಸಿ ಕೈ ತೊಳೆಯುತ್ತಾರೆ. ಆಮೇಲೆ, ಇವತ್ತು ಯಾವ ವಾರ ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆಯಿಂದ ನಾನು ಪಟ್ಟ ಪಾಡನ್ನು ಯಾರಿಗಾದರೂ ಹೇಳಿಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಈಗ ನೀವು ಸಿಕ್ಕಿದ್ದೀರಿ.

ನಾನು ಮಧುಗಿರಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಇದು ನಡೆದದ್ದು ಯುದ್ಧದ ಕಾಲದಲ್ಲಿ. ಆಗ ಪೆಟ್ರೋಲು ಸಿಕ್ಕದೆ ಬಸ್ಸುಗಳು ಬೆನ್ನಿಗೊಂದು ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು, ದಿಣ್ಣೆ ಬಂದಲ್ಲಿ ಕಾಸು ಕೊಟ್ಟು ಕೂತವರನ್ನೇ ಇಳಿಸಿ ತಳ್ಳಿಸಿಕೊಳ್ಳುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಮನೆಯಲ್ಲೇ ಉಳಿದಳು. ಉಳಿದಳು ಎನ್ನುವುದಕ್ಕಿಂತ ಅಧಿಕಾರ ವಹಿಸಿಕೊಂಡಳು ಎಂದರೆ ಸರಿಯಾದೀತು. ಅವಳ ಮೊಣಕಾಲು ಎರಡೂ ಹಿಡಿದುಕೊಂಡಿದ್ದವು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಬೆಳಿಗ್ಗೆ ಎತ್ತಿ ಕೂರಿಸಬೇಕು, ಕಾಲಿಗೆ ಹರಳೆಣ್ಣೆ ತಿಕ್ಕಬೇಕು, ಬಿಸಿನೀರು ಹುಯ್ಯಬೇಕು, ಮಡಿ ಉಡಿಸಿ ವಿಭೂತಿ ಗಟ್ಟಿ ಕೈಗಿಟ್ಟು ಪೂಜೆಗೆ ಕೂರಿಸಬೇಕು. ಹಲ್ಲು ಹೋಗಿದ್ದರಿಂದ ಎಲೆ ಅಡಿಕೆಯನ್ನು ಅವಳದೇ ಆದ ಕಬ್ಬಿಣದ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕು. ಮೊಣಕಾಲು ಹೋಗಿದ್ದವೇ ಹೊರತು ಕಿವಿ ಹೋಗಿರಲಿಲ್ಲ. ಹಿತ್ತಿಲಲ್ಲಿ ನನ್ನ ಹೆಂಡತಿ ಗಿರಿಜೆ ಒಂದು ನಿಟ್ಟುಸಿರು ಬಿಟ್ಟರೆ ನಡುಮನೆಯಿಂದ, "ಅದ್ಯಾಕಮ್ಮ ಅಂಗೆ ಉಸ್ರು ಬುಡ್ತೀಯಾ, ಮುದುಕಿ ಇನ್ನೂ ಬದುಕವ್ಳೆ ಅಂತಲಾ?" ಎಂದು ಕೇಳುತ್ತಿದ್ದಳು. ಗಿರಿಜೆ ಆಮೇಲಿನ ನಿಟ್ಟುಸಿರುಗಳನ್ನು ಬಾವಿಯ ಹತ್ತಿರ ಹೋಗಿ ಬಿಡುವುದು ರೂಢಿ ಮಾಡಿಕೊಂಡಳು.

ನಾನು ಅಮಲ್ದಾರರ ಹಿಂದೆ ಹಳ್ಳಿಗಳ ಮೇಲೆ ಹೋದ ದಿನ ಅವಳೊಬ್ಬಳೇ ಅವ್ವನನ್ನು ಎತ್ತಬೇಕಾಗಿತ್ತು. ಕೊನೆಗೆ ಅವಳ ಸೊಂಟವೂ ನೋಯತೊಡಗಿತು. ಸೊಸೆಗೆ ಎಣ್ಣೆ ತಿಕ್ಕುವುದೋ ಅತ್ತೆಗೆ ತಿಕ್ಕುವುದೋ ಎಂಬ ಸ್ಥಿತಿ ಬಂದಾಗ, ಅಪ್ಪನ ವರ್ಷದ ಪೂಜೆಗೆ ಸೇರಿದ್ದ ನೆಂಟರ ಮುಂದೆ ಮಾತು ಇಟ್ಟೆ. ಅವ್ವ ಮಳೆಗಾಲಕ್ಕೆ ಶಿರಾದಲ್ಲಿ ಅಣ್ಣನ ಮನೆಯಲ್ಲಿರಲಿ, ಚಳಿಗಾಲಕ್ಕೆ ಪಾವಗಡದಲ್ಲಿ ಅಕ್ಕನ ಮನೆಯಲ್ಲಿರಲಿ, ನಡುವೆ ಒಂದಷ್ಟು ದಿನ ಕೊರಟಗೆರೆಯಲ್ಲಿ ತಮ್ಮನ ಮನೆಯಲ್ಲಿರಲಿ, ಮಿಕ್ಕ ಕಾಲ ನಾವಿದ್ದೇವೆ ಎಂದೆ. ಎಲ್ಲರೂ ಒಪ್ಪಿದರು. ಅಣ್ಣ ಕಂಬಳಿ ವ್ಯಾಪಾರಿ, ಕೊಡುಗೈಯ ಮನುಷ್ಯ. ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡು, "ನೀನು ಬೇಫಿಕರ್ ಆಗಿರು ಸಿದ್ದಣ್ಣ, ಎಲ್ಲಾ ಬಂದೋಬಸ್ತು ನಂದು" ಎಂದ. ಅಕ್ಕ, "ಅವ್ವ ಬಂದ್ರೆ ಮಾ ಇಂಟಿಕಿ ದ್ಯಾವ್ರೇ ಬಂದಂಗೆ ಕದಾ" ಎಂದಳು. ಅವಳನ್ನು ಕೊಟ್ಟ ಊರಿನ ತೆಲುಗು ನಾಲಗೆಗೆ ಎಂದೋ ಹತ್ತಿ, 'ನಮ್ಮ ಮನೆಗೆ' ಎನ್ನುವುದು 'ಮಾ ಇಂಟಿಕಿ' ಆಗಿಬಿಟ್ಟಿತ್ತು. ಎಲ್ಲರೂ ಹೋಳಿಗೆ ಊಟ ಮಾಡಿದರು. ಆಗಲೇ ನಮ್ಮ ಸೋದರಮಾವ ಬಸಪ್ಪನವರು ಅಡಿಕೆ ಕತ್ತರಿಸುತ್ತ ಇವತ್ತು ಯಾವ ವಾರ ಎಂದು ಕೇಳಿದರು.

ಭೂಗೋಳ ತಿಳಿಯದವರಿಗೆ ಈ ಪ್ರಶ್ನೆಯ ಘೋರತೆ ಅರ್ಥವಾಗಲಾರದು. ಮಧುಗಿರಿಯ ಬೆಟ್ಟದ ಬುಡದಲ್ಲಿ ನಿಂತರೆ ಶಿರಾ ಪಡುವಲಿಗೆ, ಪಾವಗಡ ಬಡಗಲಿಗೆ, ಕೊರಟಗೆರೆ ತೆಂಕಲಿಗೆ. ವಾರಕ್ಕೊಂದು ದಿಕ್ಕಿನಲ್ಲಿ ಶೂಲೆ ಇರುತ್ತದೆ, ಆ ದಿನ ಆ ಕಡೆ ಪ್ರಯಾಣ ಹೊರಡಬಾರದು ಎಂಬುದು ನಮ್ಮ ಹಿರಿಯರ ಕಟ್ಟಳೆ. ಶುಕ್ರವಾರ, ಭಾನುವಾರ ಪಡುವಲಿಗೆ ಹೋಗಬಾರದು. ಮಂಗಳವಾರ, ಬುಧವಾರ ಬಡಗಲಿಗೆ ಹೋಗಬಾರದು. ಗುರುವಾರ ತೆಂಕಲಿಗೆ ಹೋಗಬಾರದು. ಶಿವನ ಒಕ್ಕಲಾದವರಿಗೆ ಎಲ್ಲ ದಿನವೂ ಒಂದೇ ಎಂದು ನಮ್ಮ ಮಠದ ಅಯ್ಯನವರು ಹೇಳುತ್ತಲೇ ಇದ್ದರು. ಆದರೆ ಅಯ್ಯನವರು ಬರುತ್ತಿದ್ದುದು ಅಪರೂಪಕ್ಕೆ, ಮಾವ ಬರುತ್ತಿದ್ದುದು ಪದೇ ಪದೇ. ನಮ್ಮ ನೆಂಟರನ್ನು ದೇವರು ದಿಕ್ಕಿಗೊಬ್ಬರಂತೆ ಹಂಚಿಟ್ಟದ್ದು ಯಾಕೆಂದು ನನಗೆ ಆ ಮಧ್ಯಾಹ್ನ ತಿಳಿಯಿತು. ಅಣ್ಣನಿಗೆ ಅಂಗಡಿಯ ಬಿಡುವಿದ್ದದ್ದು ಶುಕ್ರವಾರ, ಅಂದು ಶೂಲೆ. ಅಕ್ಕನ ಗಂಡನಿಗೆ ಗಾಡಿ ಸಿಕ್ಕುತ್ತಿದ್ದದ್ದು ಮಂಗಳವಾರ; ಅಂದೂ ಶೂಲೆ. ತಮ್ಮನಿಗೆ ಪುರುಸೊತ್ತಿದ್ದದ್ದು ಗುರುವಾರ; ಅಂದೂ ಶೂಲೆ. ಮಿಕ್ಕ ದಿನಗಳಲ್ಲಿ ಅಮಾವಾಸ್ಯೆ, ರಾಹುಕಾಲ, ಆಷಾಢ, ಇಲ್ಲವೇ ಮನೆಗೆ ಸುಣ್ಣ ಬಳಿಯುವುದು ಯಾವುದಾದರೂ ಒಂದು ಇದ್ದೇ ಇರುತ್ತಿತ್ತು.

ಇದರಲ್ಲಿ ಒಂದು ವಿಚಿತ್ರ ನೋಡಿ. ಅವರು ನಮ್ಮಲ್ಲಿಗೆ ಬರುವುದಕ್ಕೆ ಯಾವ ಶೂಲೆಯೂ ಅಡ್ಡ ಬರುತ್ತಿರಲಿಲ್ಲ, ಹೋಗುವುದಕ್ಕೆ ಮಾತ್ರ ಬರುತ್ತಿತ್ತು. ಅಕ್ಕ ಅವ್ವನಿಗೆ ನೆರವಾಗುತ್ತೇನೆಂದು ಸೋಮವಾರ ಮಕ್ಕಳೊಂದಿಗೆ ಬಸ್ಸಿನಿಂದ ಇಳಿದರೆ ಮಂಗಳವಾರವೂ ಬುಧವಾರವೂ ಬಡಗಲ ದಾರಿ ಕಟ್ಟಿಹೋಗುತ್ತಿತ್ತು. ಆ ದಿನಗಳಲ್ಲಿ ಅವಳು ಅವ್ವನ ಕಾಲ ಬಳಿ ಕೂತು, ಅಪ್ಪನನ್ನು ನೆನೆದು ಅತ್ತು, ಅವ್ವನನ್ನೂ ಅಳಿಸಿ, ಅವ್ವನಿಗೆ ಎಣ್ಣೆ ಸಾಲದು ಎಂದು ಗಿರಿಜೆಗೆ ಹೇಳಿ, ತನ್ನ ತಲೆಗೂ ಒಂದಿಷ್ಟು ಹಾಕಿಸಿಕೊಂಡು ಗುರುವಾರ ಹೊರಡುತ್ತಿದ್ದಳು. ಅವಳು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು, ಎಣ್ಣೆಯ ಗಡಿಗೆಯೂ ಹಾಗೆಯೇ.

ಕೊನೆಗೆ ನಾನು ಒಂದು ದಿನ ರೇಗಿದೆ. ದಿನ ನೋಡುವುದಾದರೆ ನೀವೇ ಒಂದು ದಾರಿ ತೋರಿಸಿ ಎಂದು ಮಾವನಿಗೆ ಹೇಳಿದೆ. ಮಾವ ಇಂಥದಕ್ಕೇ ಕಾದಿದ್ದವರಂತೆ, "ಅದ್ಕೇನ್ಲಾ, ಪರಸ್ಥಾನ ಇಟ್ಬುಡಾನ" ಎಂದರು. ಪರಸ್ಥಾನ ಎಂದರೆ ಇಷ್ಟೇ: ಹೋಗಬೇಕಾದವರಿಗೆ ಸದ್ಯಕ್ಕೆ ಆಗದಿದ್ದರೆ, ಒಳ್ಳೆಯ ವೇಳೆ ನೋಡಿ ಅವರ ಗಂಟನ್ನು ನೆರೆಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೋ, ಪ್ರಯಾಣ ಶುರುವಾದಂತೆ. ಮನುಷ್ಯ ಅನುಕೂಲವಾದಾಗ ಹೋಗಿ ಸೇರಿಕೊಳ್ಳಬಹುದು. ಆದರೆ ಒಮ್ಮೆ ಹೊರಟ ಗಂಟು ತಿರುಗಿ ಮನೆಗೆ ಬರಕೂಡದು. ಅದರಂತೆ ಅವ್ವನ ಒಂದು ಪಟ್ಟೆ ಸೀರೆ, ಒಂದು ಹಳೆಯ ಕಂಬಳಿ, ಕೈಯ ಸಾಮಾನು ಎಲ್ಲವನ್ನೂ ಕಟ್ಟಿ, ಎದುರುಮನೆಯ ಸಾಕಮ್ಮನ ಅಟ್ಟದ ಮೇಲೆ ಇಟ್ಟು ಬಂದೆವು. ಅಣ್ಣನಿಗೆ ಸುದ್ದಿ ಮುಟ್ಟಿದಾಗ ಅವನಿಗಾದ ಸಂತೋಷ ಹೇಳತೀರದು. "ಗಂಟು ಹೊರಟಾಯ್ತಲ್ಲ, ಇನ್ನು ಅವ್ವ ನಮ್ಮನೇಲೇ ಇದ್ದಂಗೆ ಲೆಕ್ಕ" ಎಂದು ಶಿರಾ ಪೇಟೆಯಲ್ಲೆಲ್ಲ ಹೇಳಿಕೊಂಡನಂತೆ. ಅಲ್ಲಿಯವರು ಅವನನ್ನು ತಾಯಿಯನ್ನು ನೋಡಿಕೊಳ್ಳುವ ಮಗನೆಂದು ಹೊಗಳುತ್ತಿದ್ದರೆಂದೂ ಕೇಳಿದೆ. ನಾನು ಇಲ್ಲಿ ಎಣ್ಣೆ ತಿಕ್ಕುತ್ತಿದ್ದೆ.

ಎಡವಟ್ಟು ಗೊತ್ತಾದದ್ದು ಗಂಟು ಇಟ್ಟು ಬಂದ ದಿನವೇ ಮಧ್ಯಾಹ್ನ, ಅವ್ವ ಊಟ ಮಾಡಿ ಕೈ ಚಾಚಿದಾಗ. ಕುಟ್ಟಾಣಿ ಗಂಟಿನೊಳಗೆ ಹೋಗಿತ್ತು. ತಂದುಬಿಡುತ್ತೇನೆ ಎಂದು ಹೊರಟೆ. "ಲೇ, ಹೊಂಟ ಗಂಟ್ನ ವಾಪಸ್ ತತ್ತೀಯಾ? ನನ್ನ ದಾರೀಲಿ ಸಾಯ್ಸಬೇಕು ಅಂತ ಮಾಡಿದ್ದೀಯಾ?" ಎಂದು ಅವ್ವ ತಡೆದಳು. ಬೇರೆ ಕುಟ್ಟಾಣಿ ತಂದರೆ ಅದರಲ್ಲಿ ಎಲೆ ಸಣ್ಣಗಾಗುವುದಿಲ್ಲ ಎಂದಳು. ಗಂಟು ಅವ್ವನ ಬಳಿಗೆ ಬರುವಂತಿಲ್ಲವಾದ್ದರಿಂದ ಅವ್ವನನ್ನೇ ಗಂಟಿನ ಬಳಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯಿಂದ ಊಟಕ್ಕೆ ಬಂದವನು ದಿನವೂ ಅವ್ವನ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು, ಬೀದಿ ದಾಟಿಸಿ, ಸಾಕಮ್ಮನ ಜಗುಲಿಯ ಮೇಲೆ ಕೂರಿಸಿ, ಎಲೆ ಕುಟ್ಟಿಕೊಡುತ್ತಿದ್ದೆ. ಸಾಕಮ್ಮನದು ಕುರಿಯವರ ಮನೆ. ಜಗುಲಿಯ ತುಂಬ ಉಣ್ಣೆಯ ವಾಸನೆ, ಕಾಯಿಸಿದ ಬೆಣ್ಣೆಯ ಘಮ. ಅವಳಿಗೆ ನಶ್ಯದ ಚಟ, ಅವ್ವನಿಗೆ ಎಲೆಯ ಚಟ, ಇಬ್ಬರಿಗೂ ಸೊಸೆಯಂದಿರ ಚಟ. ಅಲ್ಲಿ ಅವ್ವ ನಗುತ್ತಿದ್ದಳು. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಇತ್ತ ಗಿರಿಜೆಗೂ ಹಗಲಲ್ಲಿ ಒಂದು ಗಳಿಗೆ ಬೆನ್ನು ಚಾಚುವಂತಾಯಿತು.

ಹೀಗೆ ದಿನ ಸಾಗುತ್ತಿರಲು ಒಂದು ಬುಧವಾರ ಬಾಗಿಲಲ್ಲಿ ಗಾಡಿ ನಿಂತಿತು. ಸಂತೆಗೆ ಕಂಬಳಿ ತಂದಿದ್ದ ಅಣ್ಣ, ಮಾಲು ಇಳಿಸಿ, ಖಾಲಿ ಗಾಡಿಗೆ ಹುಲ್ಲು ಹಾಸಿ, ಮೇಲೊಂದು ಹೊಸ ಕಂಬಳಿ ಹರಡಿ, ಅವ್ವನನ್ನು ಕರೆದುಕೊಂಡು ಹೋಗಲು ನಿಜವಾಗಿ ಬಂದಿದ್ದ. ನಾಳೆ ಗುರುವಾರ, ಪಡುವಲಿಗೆ ಏನೂ ದೋಷವಿಲ್ಲ, ಹೊತ್ತು ಮೂಡುತ್ತಲೇ ಹೊರಡುವುದು ಎಂದ. ಸುದ್ದಿ ಕೇಳಿ ಬಂದ ಮಾವ ಎಷ್ಟು ಹುಡುಕಿದರೂ ಆ ದಿನದಲ್ಲಿ ಒಂದು ಊನ ಕಂಡುಹಿಡಿಯಲಾರದೆ ಹೋದರು. ನಾನು ಇಷ್ಟು ದಿನ ಯಾವುದನ್ನು ಬೇಡುತ್ತಿದ್ದೆನೋ ಅದು ಎತ್ತು ಹೂಡಿಕೊಂಡು ಬಾಗಿಲಿಗೆ ಬಂದಿತ್ತು. ನನಗೆ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ. ಅವತ್ತು ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಎದ್ದೆ. ಮಾರನೆಯ ಬೆಳಿಗ್ಗೆ ಎಣ್ಣೆ ತಿಕ್ಕುವಾಗ ಅವ್ವ, "ನಿಮ್ಮಣ್ಣಂಗೆ ಹೆಂಗೆ ತಿಕ್ಕಬೇಕು ಅಂತ ಒಸಿ ಹೇಳ್ಕೊಡು. ಅವ್ನ ಕೈ ಒರಟು" ಎಂದಳು. ನನ್ನ ಕೈ ಮೆತ್ತಗಿದೆ ಎಂದು ಅವಳು ಹೇಳಿದ್ದು ಅದೇ ಮೊದಲು. ಅಡಿಗೆಮನೆಗೆ ಹೋಗಿ ನೋಡಿದರೆ ಗಿರಿಜೆ ಅವ್ವನ ಪಾಲನ್ನೂ ಸೇರಿಸಿ ಎಸರಿಟ್ಟಿದ್ದಳು. ಯಾಕೆ ಎಂದೆ. ಕೈ ತಪ್ಪಿತು ಎಂದು ಮುಖ ಆ ಕಡೆ ತಿರುಗಿಸಿಕೊಂಡಳು.

ಗಂಟು ತರಲು ನಾನು ಎದುರುಮನೆಗೆ ಹೋದೆ. ಸಾಕಮ್ಮ ಜಗುಲಿಯಲ್ಲಿ ಕೂತಿದ್ದಳು. "ಕರ್ಕಂಡೋಯ್ತಾರಾ ಗುಮಾಸ್ತ್ರೇ?" ಎಂದಳು. ಹೂಂ ಎಂದೆ. ಅವಳು ನಶ್ಯದ ಡಬ್ಬಿ ತೆಗೆದು ತಾನೊಂದು ಚಿಟಿಕೆ ಏರಿಸಿದಳು. ಡಬ್ಬಿ ತೆರೆದೇ ಇತ್ತು. ನಾನು ಹುಟ್ಟಿದಾಗಿನಿಂದ ನಶ್ಯ ಮುಟ್ಟಿದವನಲ್ಲ. ಅವತ್ತು ಯಾಕೆ ಕೈ ಹಾಕಿದಿರಿ ಎಂದು ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಪ್ರಯಾಣದ ಹೊತ್ತಿಗೆ ಒಂಟಿ ಸೀನು ಬಿದ್ದರೆ ಹೊರಡಬಾರದು ಎಂಬುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು.

ಗಂಟು ಹಿಡಿದು ಮೂಗು ಅದುಮಿಕೊಂಡು ಬಂದೆ. ಅಣ್ಣನೂ ಗಿರಿಜೆಯೂ ಅವ್ವನನ್ನು ಎತ್ತಿ ಗಾಡಿಯ ಹತ್ತಿರ ತಂದಿದ್ದರು. ಅವಳ ಒಂದು ಕೈ ಗಾಡಿಯ ಕಮಾನಿನ ಮೇಲಿತ್ತು. ಆಗ ಸೀನಿದೆ. ಬೀದಿಯಲ್ಲಿದ್ದ ಕೋಳಿ ಹಾರಿಹೋಯಿತು. ಅಣ್ಣ ಕಲ್ಲಾಗಿ ನಿಂತ. ಮಾವ ಕೈ ಎತ್ತಿ, "ಒಂಟಿ ಸೀನು, ನಿಲ್ರಪ್ಪ" ಎಂದರು. ನಾನು ಶಿವನನ್ನು ನೆನೆದೆ. ಅಷ್ಟಕ್ಕೇ ನಿಂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಅಭ್ಯಾಸವಿಲ್ಲದ ಮೂಗು ನನ್ನ ಮಾತು ಕೇಳಬೇಕಲ್ಲ! ಹಲ್ಲು ಕಚ್ಚಿದೆ, ಉಸಿರು ಕಟ್ಟಿದೆ, ಕಣ್ಣಲ್ಲಿ ನೀರು ಬಂತು. ಎರಡನೆಯದೂ ಬಂದೇಬಂತು, ಮೊದಲಿನದಕ್ಕಿಂತ ಜೋರಾಗಿ. ಮಾವನ ಮುಖ ಅರಳಿತು. "ಜೋಡಿ ಸೀನು. ಇದಕ್ಕಿಂತ ಶುಭ ಇನ್ನೇನೈತೆ? ಹತ್ತಕ್ಕ, ಹತ್ತು" ಎಂದರು.

ಅವ್ವ ಹತ್ತಲಿಲ್ಲ.

"ಎಲ್ಲಿ ಎರಡ್ನೇದು?" ಎಂದಳು. "ನಂಗೊಂದೇ ಕೇಳಿದ್ದು."

"ಎರಡಾಯ್ತು ಕಣಕ್ಕ. ಇಡೀ ಬೀದೀಗೇ ಕೇಳ್ತು" ಎಂದರು ಮಾವ.

"ಬೀದಿ ಹೋಯ್ತದಾ ಶಿರಾಕ್ಕೆ? ಹೋಗೋಳು ನಾನು. ನನ್ ಕಿವೀಗೆ ಎಷ್ಟು ಬಿತ್ತೋ ಅಷ್ಟೇ ಲೆಕ್ಕ. ಒಂಟಿ ಸೀನಿಗೆ ಗಾಡಿ ಹತ್ತಿ ನಾನು ದಾರೀಲಿ ಸಾಯಾಕಿಲ್ಲ. ಒಳೀಕೆ ಕರ್ಕಂಡೋಗಮ್ಮ ಗಿರಿಜೆ."

ಹಿತ್ತಿಲಿನ ನಿಟ್ಟುಸಿರನ್ನೂ ಬಿಡದೆ ಹಿಡಿಯುತ್ತಿದ್ದ ಕಿವಿ ಅದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಿರಿಜೆ ಸೊಂಟನೋವನ್ನು ಮರೆತವಳ ಹಾಗೆ ಅತ್ತೆಯನ್ನು ತಬ್ಬಿ ಹಿಡಿದು ಒಳಕ್ಕೆ ನಡೆಸಿಕೊಂಡು ಹೋದಳು. ಅಣ್ಣ ಗಾಡಿಯ ಹಿಂದೆ ನಿಂತಿದ್ದ. ಅವನ ಮುಖದಲ್ಲಿ ಹಗುರವಾದದ್ದೂ ಕಂಡಿತು, ನೊಂದದ್ದೂ ಕಂಡಿತು, ಎರಡೂ ಸುಳ್ಳಲ್ಲ. ಆಮೇಲೆ ಹುಲ್ಲಿನ ಮೇಲೆ ಹರಡಿದ್ದ ಹೊಸ ಕಂಬಳಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಮರಿ ಉಣ್ಣೇದು, ಚುಚ್ಚಾಕಿಲ್ಲ. ಅಲ್ಲಿ ಹೊದೀಲಿ ಅಂತ ನೇಯಿಸಿದ್ದೆ. ಇಲ್ಲೇ ಹೊದ್ಕಳ್ಳಿ ಬುಡು" ಎಂದ. ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಆ ಕಂಬಳಿಯ ಜೊತೆಗೇ ಮಡಿಸಿಹೋಯಿತು. ಗಂಟು? ಹೊರಟದ್ದು ತಿರುಗಿ ಮನೆಯೊಳಕ್ಕೆ ಬರುವಂತಿಲ್ಲ, ಸಾಕಮ್ಮನ ಅಟ್ಟಕ್ಕೇ ಹೋಯಿತು.

ಅವತ್ತು ಮಧ್ಯಾಹ್ನ ಎಂದಿನಂತೆ ಅವ್ವನ ತೋಳನ್ನು ಹೆಗಲಿಗೆ ಹಾಕಿಕೊಂಡು ಬೀದಿ ದಾಟಿಸುತ್ತಿದ್ದೆ. ನಡುಬೀದಿಯಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇನ್ನೊಂದ್ ಸಲ ಒಸಿ ಕಮ್ಮಿ ಏರ್ಸು ಕಣ್ಲಾ. ಒಂದಕ್ಕೇ ನಿಲ್ತದೆ" ಎಂದಳು.

ನಾನು ಈಗಲೂ ಕಚೇರಿಯಲ್ಲಿ ಅಕ್ಕಪಕ್ಕದ ಗುಮಾಸ್ತರ ಮುಂದೆ ನಮ್ಮ ನೆಂಟರನ್ನು ಬೈಯುವುದನ್ನು ಬಿಟ್ಟಿಲ್ಲ. ತಾಯಿಯನ್ನು ಒಂದು ಮಳೆಗಾಲ ಇಟ್ಟುಕೊಳ್ಳದ ಜನ ಎಂದು ಹೇಳಿ ಅವರಿಂದ ಅಯ್ಯೋ ಪಾಪ ಎನಿಸಿಕೊಳ್ಳುತ್ತೇನೆ. ಅಣ್ಣನೂ ಆಗಾಗ ಶಿರಾ ಬಸ್ಸಿನ ಕಂಡಕ್ಟರನ ಬಾಯಲ್ಲಿ, ಗಾಡಿ ತರಲೇ ಎಂದು ಕೇಳಿಸುತ್ತಾನೆ. ನಾನು ಯಾವತ್ತೂ ಬೇಡ ಎಂದವನಲ್ಲ. ತಲೆಯಾಡಿಸುತ್ತೇನೆ, ಧಾರಾಳವಾಗಿ ಬರಲಿ, ಅವ್ವ ಅವನಿಗೂ ಅವ್ವನೇ ಅಲ್ಲವೇ ಎನ್ನುತ್ತೇನೆ. ಆಮೇಲೆ, ಅಣ್ಣ ಬರುತ್ತೇನೆಂದದ್ದು ಯಾವ ವಾರ ಎಂದು ಕೇಳುತ್ತೇನೆ.